ಕಾಯ್ದಿರಿಸಿ ಕಾಯುವವರು

ರೈಲ್ವೆ ಕೌಂಟರಿನ ಫಲಕದಲ್ಲಿ, ಬಸ್ಸಿನ ಕಿಟಕಿಯ ಮೇಲೆ, ಸಭಾಂಗಣದ ಮುಂದಿನ ಸಾಲಿನ ಕುರ್ಚಿಗೆ ಅಂಟಿಸಿದ ಚೀಟಿಯಲ್ಲಿ ಕನ್ನಡಿಗರು ದಿನವೂ ಓದುವ ಪದ ‘ಕಾಯ್ದಿರಿಸಿದೆ’. ರಿಸರ್ವೇಶನ್ನಿಗೆ ಕನ್ನಡ ಹುಡುಕಿದವರು ಉದ್ದನೆಯ ಸಂಸ್ಕೃತ ಪದ ಕಟ್ಟಲು ಹೋಗದೆ, ದನ ಕಾಯುವ ಹುಡುಗನ ಬಾಯಲ್ಲಿದ್ದ ಕ್ರಿಯಾಪದವನ್ನೇ ಕರೆತಂದರು. ಒಳ್ಳೆಯ ಕೆಲಸ ಮಾಡಿದರು. ಇನ್ನೊಬ್ಬರು ಬಂದು ಕೂರದಂತೆ ಸೀಟನ್ನು ಕಾದು ಇಡುವುದು ಕಾಯ್ದಿರಿಸುವುದು. ಟಿಕೆಟ್ ತೆಗೆದುಕೊಂಡವರು ಆ ದಿನ ಬರುವ ತನಕ ಮಾಡುವುದು ಕಾಯುವುದು. ಕೌಂಟರಿನ ಆಚೆಗೂ ಈಚೆಗೂ ಒಂದೇ ಧಾತು.

‘ಕಾಯು’ ಎಷ್ಟು ದುಡಿದ ಪದವೆಂದು ಅದರ ಬಳಗ ನೋಡಿದರೆ ತಿಳಿಯುತ್ತದೆ. ಕಾವಲು, ಕಾವಲುಗಾರ, ಕಾಪಾಡು ಎಲ್ಲ ಇದರ ಮನೆಯವೇ. ಕಾಪು ಎಂದರೆ ಹಳಗನ್ನಡದಲ್ಲಿ ರಕ್ಷಣೆ. ಅದೇ ಹೆಸರಿನ ಉಡುಪಿ ಜಿಲ್ಲೆಯ ಕಡಲೂರಿನಲ್ಲಿ 1901ರಲ್ಲಿ ಕಟ್ಟಿದ ದೀಪಸ್ತಂಭ ಈಗಲೂ ಬಂಡೆಯ ಮೇಲೆ ನಿಂತಿದೆ. ದೇವರನ್ನು ‘ಕಾಯೋ’ ಎಂದು ಕರೆದವರಿಗೆ ಬೇಕಾಗಿದ್ದದ್ದು ಕಾಪಾಡುವ ಕೈ. ಅದೇ ಹೊತ್ತಿಗೆ ಕನ್ನಡದ ಶಬರಿ ರಾಮನಿಗಾಗಿ ಕಾಯುತ್ತಾಳೆ, ಚಾತಕಪಕ್ಷಿ ಮಳೆಗಾಗಿ ಕಾಯುತ್ತದೆ, ಬಸ್‌ಸ್ಟ್ಯಾಂಡಿನಲ್ಲಿ ಅಮ್ಮ ಮಗಳ ಹಾದಿ ಕಾಯುತ್ತಾಳೆ. ಹಾದಿ ಕಾಯುವುದು ಎಂಬ ಮಾತಿನಲ್ಲಿ ಎರಡು ಅರ್ಥವೂ ಒಟ್ಟಿಗಿವೆ. ಬರುವವರು ಬರುವ ತನಕ ಆ ಹಾದಿ ಕಾಯುವವರ ಜವಾಬ್ದಾರಿ.

ಇನ್ನೊಂದು ‘ಕಾಯು’ ಒಲೆಯ ಮೇಲಿದೆ. ನೀರು ಕಾಯುತ್ತದೆ, ಬಾಣಲೆ ಕಾಯುತ್ತದೆ, ಮಾಗಿಯ ಬೆಳಿಗ್ಗೆ ಅಜ್ಜಂದಿರು ಜಗಲಿಯಲ್ಲಿ ಬಿಸಿಲು ಕಾಯಿಸುತ್ತಾರೆ. ಭಾಷಾವಿದ್ವಾಂಸರಾದ ಬರೋ ಮತ್ತು ಎಮಿನೋ ದ್ರಾವಿಡ ಭಾಷೆಗಳ ನಿಷ್ಪತ್ತಿ ಕೋಶ ಮಾಡಿದಾಗ ಈ ಎರಡನ್ನೂ ಬೇರೆ ಬೇರೆ ಬೇರುಗಳೆಂದೇ ಎಣಿಸಿದರು. ಒಂದು ಕಾವಲಿನದು, ಇನ್ನೊಂದು ಬಿಸಿಯದು. ವಿದ್ವಾಂಸರ ಲೆಕ್ಕ ಸರಿಯಾಗಿಯೇ ಇದೆ. ಆದರೆ ‘ಕಾದ’ ಎಂದಾಗ ಕಾದದ್ದು ಮನುಷ್ಯನೋ ಹೆಂಚೋ ಎಂಬುದು ಮುಂದಿನ ಪದ ಬರುವ ತನಕ ಗೊತ್ತಾಗುವುದಿಲ್ಲ. ‘ಕಾಯಿಸಬೇಡ’ ಎಂದರೆ ಹಾಲಿನ ಪಾತ್ರೆಯ ಮಾತೂ ಆಗಬಹುದು, ತಡವಾಗಿ ಬರುವ ಗೆಳೆಯನ ಮೇಲಿನ ಸಿಟ್ಟೂ ಆಗಬಹುದು. ಮಾತಾಡುವವರ ಕಿವಿಯಲ್ಲಿ ಎರಡು ಬೇರುಗಳು ಎಂದೋ ಹೆಣೆದುಕೊಂಡಿವೆ, ಕಾಯುವವರ ಒಳಗೂ ಒಂದಿಷ್ಟು ಬಿಸಿ ಏರುತ್ತದೆ.

ಈ ಎಲ್ಲ ಅರ್ಥಗಳೂ ಒಂದೇ ಕಡೆ ಸೇರುವುದನ್ನು ನೋಡಬೇಕೆಂದರೆ ಕ್ರೂಸ್ ಹಡಗಿನ ಪ್ರವಾಸಿಗರನ್ನು ನೋಡಬೇಕು. ಪತ್ರಿಕೆಗಳು ವಿಹಾರ ನೌಕೆ ಎಂದೂ, ಐಷಾರಾಮಿ ಹಡಗು ಎಂದೂ ಬರೆಯುತ್ತವೆ. ಹೋಗಿ ಬಂದವರು ಕ್ರೂಸ್ ಎಂದೇ ಹೇಳುತ್ತಾರೆ. ಬೇರೆ ಪ್ರವಾಸಗಳಲ್ಲಿ ಕಾಯುವ ಕಾಲ ಇಷ್ಟು ಉದ್ದವಿರುವುದು ಕಡಿಮೆ. ದೊಡ್ಡ ಕಂಪನಿಗಳು ಒಂದೂವರೆ, ಎರಡು ವರ್ಷ ಮುಂಚೆಯೇ ಟಿಕೆಟ್ ಬಿಡುತ್ತವೆ. ಮುಂಗಡ ಕಟ್ಟಿದರೆ ಕ್ಯಾಬಿನ್ ನಿಮ್ಮದು, ಉಳಿದ ಹಣವನ್ನು ಹೊರಡುವುದಕ್ಕೆ ಸುಮಾರು ಮೂರು ತಿಂಗಳಿರುವಾಗ ಕಟ್ಟಿದರಾಯಿತು. ಹಡಗಿನೊಳಗೇ ಮುಂದಿನ ಯಾನ ಕಾಯ್ದಿರಿಸುವ ಮೇಜೊಂದಿರುತ್ತದೆ, ಅಲ್ಲಿ ರಿಯಾಯಿತಿಯೂ ಸಿಗುತ್ತದೆ. ಹಾಗಾಗಿ ಎಷ್ಟೋ ಮಂದಿ ಈ ಪ್ರವಾಸ ಮುಗಿಸುವ ಮೊದಲೇ ಮುಂದಿನದಕ್ಕೆ ಕಾಯಲು ಶುರು ಮಾಡಿರುತ್ತಾರೆ. ಏಳು ರಾತ್ರಿಯ ಸುಖಕ್ಕೆ ಐನೂರು ರಾತ್ರಿಯ ನಿರೀಕ್ಷೆ.

ಆ ಐನೂರು ರಾತ್ರಿ ಅವರೇನು ಮಾಡುತ್ತಾರೆ? ಹಡಗಿನ ಅಂತಸ್ತುಗಳ ನಕ್ಷೆ ಬಿಡಿಸಿಕೊಂಡು ಕೂರುತ್ತಾರೆ. ತಮ್ಮ ಕ್ಯಾಬಿನ್ನಿನ ನೆತ್ತಿಯ ಮೇಲೆ ಊಟದ ಸಾಲೆಯಿದೆಯೇ ಎಂದು ನೋಡುತ್ತಾರೆ. ಇದ್ದರೆ ಬೆಳಗಿನ ಜಾವ ಕುರ್ಚಿ ಎಳೆಯುವ ಸದ್ದಿಗೆ ನಿದ್ದೆ ಹಾರಿಹೋಗುತ್ತದೆ ಎಂಬುದು ಅನುಭವಸ್ಥರ ಎಚ್ಚರಿಕೆ. ಹೊಟ್ಟೆ ತೊಳಸುವವರು ಹಡಗಿನ ನಡುವೆ, ಕೆಳಗಿನ ಅಂತಸ್ತಿನಲ್ಲಿ ಜಾಗ ಹುಡುಕುತ್ತಾರೆ, ಅಲ್ಲಿ ತೂಗಾಟ ಕಡಿಮೆ. ಮಯಾಮಿ, ಸೌತಾಂಪ್ಟನ್ ಬಂದರುಗಳ ಕ್ಯಾಮೆರಾ ದೃಶ್ಯಗಳನ್ನು ಮನೆಯ ಪರದೆಯಲ್ಲಿ ಹಾಕಿಕೊಂಡು, ಬೇರೆಯವರನ್ನು ಹೊತ್ತು ಹೊರಡುವ ಹಡಗನ್ನು ನೋಡುತ್ತಾರೆ. ಅಂತಾರಾಷ್ಟ್ರೀಯ ನಿಯಮದಂತೆ ಪ್ರಯಾಣಿಕರ ಹಡಗುಗಳೆಲ್ಲ ತಾವಿರುವ ಜಾಗ, ವೇಗ, ದಿಕ್ಕುಗಳನ್ನು ರೇಡಿಯೊ ಸಂಕೇತದಲ್ಲಿ ಸಾರುತ್ತಲೇ ಇರಬೇಕು. ಡಿಕ್ಕಿ ತಪ್ಪಿಸಲೆಂದು ಮಾಡಿದ ಈ ವ್ಯವಸ್ಥೆ, ತನ್ನ ಹಡಗು ಈ ರಾತ್ರಿ ಯಾವ ಕಡಲಲ್ಲಿದೆ ಎಂದು ನೋಡದೆ ಮಲಗಲಾರದ ನಿವೃತ್ತ ಮೇಷ್ಟರಿಗೂ ಉಪಕಾರವಾಗಿದೆ. ಇದನ್ನು ಹಗಲುಗನಸು ಎಂದು ತಳ್ಳಿಹಾಕುವವರು ಕಾಯುವುದರ ಅರ್ಧ ಅರ್ಥವನ್ನಷ್ಟೇ ಬಲ್ಲವರು. ಇನ್ನೂ ಕೈಗೆ ಬಾರದ ಏಳು ದಿನಗಳನ್ನು ಇವರು ಹೊಲ ಕಾಯುವವನಂತೆ ಕಾಯುತ್ತಿದ್ದಾರೆ, ಬೇಲಿಯ ಸುತ್ತ ದಿನಕ್ಕೊಮ್ಮೆ ನಡೆದು ನೋಡುತ್ತಿದ್ದಾರೆ.

ಡಚ್ಚರು ಇಂಥ ಮುಂಗಡ ಖುಷಿಗೆ ‘ವೋರ್‌ಪ್ರೆಟ್’ ಎನ್ನುತ್ತಾರೆ. ಅದೇ ನೆದರ್ಲೆಂಡ್ಸಿನಲ್ಲಿ ಸಂಶೋಧಕ ಯೆರೂನ್ ನವೈನ್ ಮತ್ತು ಸಂಗಡಿಗರು 1,530 ಜನರ ಸಂತೋಷವನ್ನು ಅಳೆದು 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ರಜೆಗೆ ಹೋಗಲಿರುವವರು ಹೋಗದವರಿಗಿಂತ ಹೆಚ್ಚು ಸಂತೋಷವಾಗಿದ್ದರು. ಬಂದ ಮೇಲೆ ಮಾತ್ರ ಇಬ್ಬರ ನಡುವೆ ಹೆಚ್ಚೇನೂ ವ್ಯತ್ಯಾಸ ಉಳಿಯಲಿಲ್ಲ. ತುಂಬಾ ನಿರಾಳವಾಗಿ ರಜೆ ಕಳೆದವರಲ್ಲಷ್ಟೇ ಆ ಖುಷಿ ಕೆಲವು ವಾರ ಇತ್ತು. ಕಾಯುವ ತಿಂಗಳುಗಳೂ ರಜೆಯ ಲೆಕ್ಕಕ್ಕೆ ಸೇರಬೇಕು ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಕ್ರೂಸ್ ಹುಟ್ಟಿದ್ದೂ ಒಂದು ಹಡಗು ಕಾಯುತ್ತ ನಿಂತದ್ದರಿಂದಲೇ. ಚಳಿಗಾಲದಲ್ಲಿ ಅಟ್ಲಾಂಟಿಕ್ ದಾಟುವ ಜನ ಕಡಿಮೆಯಾಗಿ ಜರ್ಮನಿಯ ದೊಡ್ಡ ಹಡಗುಗಳು ಬಂದರಿನಲ್ಲಿ ಸುಮ್ಮನೆ ನಿಲ್ಲುತ್ತಿದ್ದವು. ಹ್ಯಾಂಬರ್ಗ್ ಕಂಪನಿಯ ಆಲ್ಬರ್ಟ್ ಬಾಲಿನ್ 1891ರ ಜನವರಿ 22ರಂದು ‘ಆಗಸ್ಟಾ ವಿಕ್ಟೋರಿಯಾ’ವನ್ನು 241 ಪ್ರವಾಸಿಗರೊಂದಿಗೆ ಮೆಡಿಟರೇನಿಯನ್ ಕಡೆಗೆ ಕಳಿಸಿದ. ಸುಮಾರು ಎರಡು ತಿಂಗಳು ಸುತ್ತಿ ಅದು ಮರಳಿತು. ಅದಕ್ಕೂ ಮೊದಲೇ, 1844ರಲ್ಲಿ, ಪಿ ಆಂಡ್ ಒ ಕಂಪನಿ ಇಂಗ್ಲೆಂಡಿನಿಂದ ಇಂಥ ವಿಹಾರ ಆರಂಭಿಸಿ ಕಾದಂಬರಿಕಾರ ಥ್ಯಾಕರೆಯನ್ನು ಹತ್ತಿಸಿಕೊಂಡಿತ್ತು. ಆದರೆ ಇಂದಿನ ವ್ಯಾಪಾರದ ಬುನಾದಿ ಬಾಲಿನ್ ಹಾಕಿದ್ದೇ ಎನ್ನಬೇಕು.

ಆಮೇಲೆ 2020 ಬಂತು.

ಆ ವರ್ಷ ಕನ್ನಡನಾಡಿನ ಗೋಡೆಗೋಡೆಯ ಮೇಲೂ ‘ಕಾಯು’ ಕುಳಿತಿತ್ತು: ಅಂತರ ಕಾಯ್ದುಕೊಳ್ಳಿ. ಫೆಬ್ರುವರಿಯಲ್ಲಿ ಜಪಾನಿನ ಯೊಕೊಹಾಮದಲ್ಲಿ ‘ಡೈಮಂಡ್ ಪ್ರಿನ್ಸೆಸ್’ ಹಡಗನ್ನು ತಡೆದು ನಿಲ್ಲಿಸಿದಾಗ ಅದರಲ್ಲಿ 3,711 ಮಂದಿ ಇದ್ದರು. 700ಕ್ಕೂ ಹೆಚ್ಚು ಜನರಿಗೆ ಕೊರೊನಾ ಸೋಂಕು ತಗುಲಿತು. ಕಿಟಕಿಯೇ ಇಲ್ಲದ ಕ್ಯಾಬಿನ್ನಿನಲ್ಲಿ ಎರಡು ವಾರ ಕೂಡಿಹಾಕಿದ್ದವರ ಕಾಯುವಿಕೆಗೆ ವಿಹಾರದ ಸೋಂಕೂ ಇರಲಿಲ್ಲ. ಮಾರ್ಚ್ 14ರಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಯಾನಗಳನ್ನು ನಿಲ್ಲಿಸಿತು. ತಿಂಗಳಿಗೆಂದು ಬಂದ ಆದೇಶ ಬೆಳೆಯುತ್ತ ಹೋಯಿತು. ಪ್ರವಾಸಿಗರನ್ನು ಹೊತ್ತು ಅಮೆರಿಕದ ಬಂದರಿನಿಂದ ‘ಸೆಲೆಬ್ರಿಟಿ ಎಡ್ಜ್’ ಮತ್ತೆ ಹೊರಟದ್ದು 2021ರ ಜೂನ್ 26ರಂದು, ಹದಿನೈದು ತಿಂಗಳ ನಂತರ.

ಆ ಹದಿನೈದು ತಿಂಗಳಲ್ಲಿ ಹಂಬಲ ಏನೇನು ಮಾಡಿಸಿತು ಎಂಬುದಕ್ಕೆ ಇಂಗ್ಲೆಂಡಿನ ದಕ್ಷಿಣ ಕರಾವಳಿ ಸಾಕ್ಷಿ. ಕೆಲಸವಿಲ್ಲದ ಭಾರೀ ಹಡಗುಗಳು ವೇಮತ್ ಕೊಲ್ಲಿಯಲ್ಲಿ, ಟೋರ್ಬೇಯಲ್ಲಿ ಸಾಲಾಗಿ ಲಂಗರು ಹಾಕಿದ್ದವು. ಮಡ್‌ಫರ್ಡ್ ಎಂಬ ಸಣ್ಣ ಊರಿನ ದೋಣಿಯವರು ಇಂಥ ಹಡಗುಗಳನ್ನು ನೋಡಲು ಜನರನ್ನು ಕರೆದೊಯ್ಯತೊಡಗಿದರು. ಟಿಕೆಟ್ ಇಪ್ಪತ್ತು ಪೌಂಡ್, ಎರಡೂವರೆ ಗಂಟೆಯ ಸುತ್ತು. ಕೆಲಸವಿಲ್ಲದೆ ನಿಂತ ಆ ಗೋಡೆಯಂಥ ಹಡಗುಗಳ ಬುಡದಲ್ಲಿ ಪುಟ್ಟ ದೋಣಿಯಲ್ಲಿ ಕುಳಿತು ತಲೆಯೆತ್ತಿ ನೋಡಿ ಬರಲು ಜನ ದುಡ್ಡು ಕೊಟ್ಟರು. ಸಿಂಗಾಪುರದಲ್ಲಿ ನವೆಂಬರಿನಿಂದ ಎಲ್ಲಿಗೂ ಹೋಗದ ಯಾನಗಳು ಆರಂಭವಾದವು: ಅಲ್ಲಿನ ನಿವಾಸಿಗಳನ್ನಷ್ಟೇ, ಅದೂ ಅರ್ಧದಷ್ಟೇ ಹತ್ತಿಸಿಕೊಂಡು, ಯಾವ ಬಂದರಿಗೂ ತಾಗದೆ ಮರಳುವ ಹಡಗು. ಡಿಸೆಂಬರಿನಲ್ಲಿ ‘ಕ್ವಾಂಟಮ್ ಆಫ್ ದ ಸೀಸ್’ ಒಬ್ಬ ಪ್ರಯಾಣಿಕರಿಗೆ ಸೋಂಕಿದೆ ಎಂಬ ಅನುಮಾನದಿಂದ ಒಂದು ದಿನ ಮೊದಲೇ ತಿರುಗಿ ಬಂತು. ಮರುಪರೀಕ್ಷೆಯಲ್ಲಿ ಸೋಂಕೇ ಇರಲಿಲ್ಲ. ಇಷ್ಟಾದರೂ ಜನ ಟಿಕೆಟ್ ತೆಗೆಯುವುದು ನಿಲ್ಲಲಿಲ್ಲ.

ಹತ್ತಲು ಹಂಬಲಿಸಿದವರ ಕಥೆ ಇದು. ಇಳಿಯಲು ಹಂಬಲಿಸಿದವರ ಕಥೆಯೂ ಇದೆ, ಅದು ಕನ್ನಡ ಕರಾವಳಿಗೆ ಹೆಚ್ಚು ಹತ್ತಿರ. ಮಂಗಳೂರು, ಉಡುಪಿ, ಕಾರವಾರಗಳಲ್ಲಿ ‘ಶಿಪ್ಪಿನಲ್ಲಿದ್ದಾನೆ’ ಎಂದರೆ ಮತ್ತೆ ವಿವರಿಸಬೇಕಿಲ್ಲ. ಗೋವಾ ಮತ್ತು ಕರಾವಳಿಯ ಕೊಂಕಣಿಯಲ್ಲಿ ಹಡಗಿನ ಕೆಲಸದವನಿಗೆ ತಾರ್ವಟಿ ಎಂಬ ಹೆಸರೇ ಇದೆ. ಆರೇಳು, ಕೆಲವೊಮ್ಮೆ ಒಂಬತ್ತು ತಿಂಗಳ ಗುತ್ತಿಗೆ; ಹತ್ತಿದರೆ ಸೈನ್ ಆನ್, ಇಳಿದರೆ ಸೈನ್ ಆಫ್. ಇಂಗ್ಲಿಷ್ ಓದದ ಅಜ್ಜಿಯೂ ‘ಸೈನ್ ಆಫ್ ಯಾವಾಗಂತೆ?’ ಎಂದು ಕೇಳಿಯಾಳು. ಮದುವೆ, ಗೃಹಪ್ರವೇಶ, ಮಗುವಿನ ನಾಮಕರಣ ಎಲ್ಲವೂ ಆ ತಾರೀಖಿಗೆ ಹೊಂದಿಕೊಳ್ಳುತ್ತವೆ. ಡೈಮಂಡ್ ಪ್ರಿನ್ಸೆಸ್ಸಿನಲ್ಲಿದ್ದ 138 ಭಾರತೀಯರಲ್ಲಿ 132 ಮಂದಿ ಸಿಬ್ಬಂದಿಯೇ. ಏಪ್ರಿಲ್ ಹೊತ್ತಿಗೆ ಅಮೆರಿಕದ ತೀರಗಳಾಚೆ ಸುಮಾರು ನೂರು ಕ್ರೂಸ್ ಹಡಗುಗಳಲ್ಲಿ ಹತ್ತಿರಹತ್ತಿರ 80,000 ಸಿಬ್ಬಂದಿ ಉಳಿದಿದ್ದಾರೆಂದು ಸಿಡಿಸಿ ಲೆಕ್ಕ ಕೊಟ್ಟಿತು. ಪ್ರವಾಸಿ ದಡದಲ್ಲಿ ನಿಂತು ಹಡಗಿಗಾಗಿ ಕಾದ, ಅವನ ಹಾಸಿಗೆ ಹಾಸುತ್ತಿದ್ದವನು ಹಡಗಿನಲ್ಲಿ ನಿಂತು ದಡಕ್ಕಾಗಿ ಕಾದ. ಹಂಬಲದಲ್ಲಿ ದೊಡ್ಡದು ಚಿಕ್ಕದು ಮಾಡಬಾರದು ನಿಜ. ಆದರೂ ಕ್ರೂಸಿನ ಕಾಯುವಿಕೆಯ ಬಗ್ಗೆ ಬರೆಯುವಾಗ ಈ ಎರಡನೆಯವನನ್ನು ಬಿಟ್ಟರೆ ಬರಹ ಅರ್ಧವಾಗುತ್ತದೆ.

ಕೆಲವು ಕಾಯುವಿಕೆಗಳು ಫಲಿಸಲಿಲ್ಲ. 2019ರಲ್ಲಿ ಮುಂಬೈಯಿಂದ ಯಾನ ಆರಂಭಿಸಿದ್ದ ‘ಕರ್ಣಿಕಾ’ ಮೊದಲು ‘ಕ್ರೌನ್ ಪ್ರಿನ್ಸೆಸ್’ ಆಗಿ ಹುಟ್ಟಿದ ಹಡಗು. ಅದರ ರೂಪ ಇಟಲಿಯ ವಾಸ್ತುಶಿಲ್ಪಿ ರೆಂಜೊ ಪಿಯಾನೊ ಅವರದು. ಕೊರೊನಾ ಕಾಲದಲ್ಲಿ ಕಂಪನಿ ಮುಚ್ಚಿತು, 2020ರ ಕೊನೆಯಲ್ಲಿ ಕರ್ಣಿಕಾ ಗುಜರಾತಿನ ಅಲಂಗ್ ತೀರಕ್ಕೆ ಒಡೆಯಲು ಹೋಯಿತು.

ಕಾದು ಗೆದ್ದವರ ಹೆಸರು ಹೇಳುವುದಾದರೆ ಬೆಲ್‌ಫಾಸ್ಟಿನಲ್ಲಿ ಸಿಕ್ಕಿಕೊಂಡಿದ್ದ ಪ್ರಯಾಣಿಕರದು. ವರ್ಷಗಟ್ಟಲೆ ಲೋಕ ಸುತ್ತುತ್ತ ಹಡಗಿನಲ್ಲೇ ವಾಸಿಸಲೆಂದು ಕ್ಯಾಬಿನ್ ಕೊಂಡವರು 2024ರ ಮೇ ಕೊನೆಯಲ್ಲಿ ‘ಒಡಿಸಿ’ ಹತ್ತಬೇಕಿತ್ತು. ಚುಕ್ಕಾಣಿಯ ಕಂಬ, ಗೇರ್‌ಬಾಕ್ಸ್ ಎಂದು ದುರಸ್ತಿ ಮುಗಿಯಲೇ ಇಲ್ಲ. ಹಡಗು ನಿಂತಿದ್ದದ್ದು ಟೈಟಾನಿಕ್ ಕಟ್ಟಿದ ಹಾರ್ಲೆಂಡ್ ಆಂಡ್ ವುಲ್ಫ್ ಕಂಪನಿಯ ಊರಿನಲ್ಲಿ. ಹಗಲು ಹಡಗಿನಲ್ಲಿ ಕೂರಬಹುದು, ಅಲ್ಲೇ ಉಣ್ಣಬಹುದು. ರಾತ್ರಿಯಾದರೆ ಇಳಿದು ಊರೊಳಗೆ ಮಲಗಬೇಕು. ಕೆಲವರು ಯುರೋಪ್ ಸುತ್ತಿ ಬಂದರು, ಒಂದು ಜೋಡಿ ಕಾಯುವ ನಡುವೆಯೇ ಮದುವೆಗೆ ನಿಶ್ಚಯ ಮಾಡಿಕೊಂಡಿತು. ಇಪ್ಪತ್ತು ವರ್ಷ ಗಂಡನ ಹಾದಿ ಕಾದ ಪೆನೆಲೊಪೆಯ ಕಾವ್ಯದ ಹೆಸರನ್ನೇ ಹೊತ್ತ ಆ ಹಡಗು ಸೆಪ್ಟೆಂಬರ್ 30ರಂದು ಕಟ್ಟೆ ಬಿಟ್ಟಿತು. ಹತ್ತಿರದಲ್ಲೇ ಮತ್ತೆ ಲಂಗರು ಹಾಕಿ, ಕೊನೆಗೆ ಹೊರಟಿತು.

ಅದೇ ಸೆಪ್ಟೆಂಬರ್ 30ರಂದು ಮುಂಬೈಯಲ್ಲಿ ಕೇಂದ್ರ ಸರ್ಕಾರ ಕ್ರೂಸ್ ಭಾರತ್ ಮಿಷನ್ ಉದ್ಘಾಟಿಸಿತು. 2029ರ ಮಾರ್ಚ್ ತನಕ ಮೂರು ಹಂತಗಳಲ್ಲಿ ಬಂದರುಗಳನ್ನು ಸಜ್ಜುಗೊಳಿಸುವ ಯೋಜನೆ ಅದು. ಪಣಂಬೂರಿನ ನವಮಂಗಳೂರು ಬಂದರಿಗೆ ಕೊರೊನಾ ನಂತರದ ಮೊದಲ ವಿದೇಶಿ ಕ್ರೂಸ್ ಹಡಗಾಗಿ ‘ಯೂರೋಪಾ 2’ ಬಂದದ್ದು 2022ರ ನವೆಂಬರ್ ಕೊನೆಯಲ್ಲಿ. ಇಲ್ಲಿಗೆ ಬರುವ ಪ್ರವಾಸಿಗರಿಗೆ ಯಕ್ಷಗಾನದ ವೇಷಗಳ ಸ್ವಾಗತ, ಆಮೇಲೆ ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ, ಗೇರುಬೀಜದ ಕಾರ್ಖಾನೆ, ಕುದ್ರೋಳಿಯ ದೇವಸ್ಥಾನ. ಸಂಜೆಗೆ ಹಡಗು ಹತ್ತಿ ಹೋಗುತ್ತಾರೆ. ಕರ್ನಾಟಕದವರು ಕ್ರೂಸ್ ಹತ್ತಬೇಕಾದರೆ ಬಹುಮಟ್ಟಿಗೆ ಮುಂಬೈ, ಕೊಚ್ಚಿ, ಚೆನ್ನೈ ಅಥವಾ ಸಿಂಗಾಪುರಕ್ಕೇ ಹೋಗಬೇಕು. ಮುಂಬೈಯಿಂದ ಕೊಚ್ಚಿಗೆ ಸಾಗುವ ಹಡಗು ಕಾರವಾರ, ಕಾಪು, ಮಂಗಳೂರುಗಳ ಎದುರಿನ ಕಡಲಲ್ಲೇ ಹಾದುಹೋಗುತ್ತದೆ. ಪೆಟ್ಟಿಗೆ ಹಿಡಿದು ಪಣಂಬೂರಿನಲ್ಲೇ ಹತ್ತುವಂತಾಗಬೇಕು; ಆ ವೇಳಾಪಟ್ಟಿ ಪ್ರಕಟವಾದ ದಿನ ಮೊದಲ ಕ್ಯಾಬಿನ್ ಹಿಡಿಯಲು ಬೆಂಗಳೂರಿನಲ್ಲೂ ಹುಬ್ಬಳ್ಳಿಯಲ್ಲೂ ಜನ ಈಗಲೇ ಸಿದ್ಧರಿದ್ದಾರೆ.