ಬೆನ್ನ ಹಿಂದಿನ ಪಿಟೀಲು

ಡಿಸೆಂಬರ್ ಬಂತೆಂದರೆ ಮುಂಬಯಿಯ ಬಾಂದ್ರಾ, ಮಾಹಿಮ್, ಮಜಗಾಂವ್‌ಗಳ ಓಣಿಗಳಲ್ಲಿ ನಕ್ಷತ್ರದೀಪಗಳು ತೂಗತೊಡಗುತ್ತವೆ. ಈ ನಗರದಲ್ಲಿ ನೆಲೆ ಕಂಡುಕೊಂಡ ಕನ್ನಡಿಗರಾದ ನಮಗೆ ಕ್ರಿಸ್ಮಸ್ ಹೊಸತಲ್ಲ. ನೆರೆಮನೆಯಿಂದ ಬರುವ ಸಿಹಿತಿಂಡಿಯ ತಟ್ಟೆಯೂ ನಡುರಾತ್ರಿಯ ಗಂಟೆಯ ದನಿಯೂ ನಮ್ಮ ಬದುಕಿನ ಭಾಗಗಳೇ ಆಗಿವೆ. ಆದರೆ ಆ ರಾತ್ರಿ ಇಗರ್ಜಿಯ ಒಳಗೆ ನುಡಿಯುವ ಪಿಟೀಲಿಗೂ ನಾವು ರೇಡಿಯೊದಲ್ಲಿ ಕೇಳುತ್ತ ಬೆಳೆದ ಹಿಂದಿ ಚಿತ್ರಗೀತೆಗಳಿಗೂ ರಕ್ತಸಂಬಂಧವಿದೆ ಎಂಬುದು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಆ ಸಂಬಂಧದ ಎಳೆಯನ್ನು ಇಲ್ಲಿ ಹಿಡಿದು ನೋಡೋಣ.

ಮೊದಲು ಕಟ್ಟಡದ ವಿಚಾರ. ಗೋವೆಯ ಹಳೆಯ ಇಗರ್ಜಿಯನ್ನು ಹೊಕ್ಕವರ ದೃಷ್ಟಿ ನೇರವಾಗಿ ಎದುರಿನ ಬಲಿಪೀಠದತ್ತ ಹೋಗುತ್ತದೆ. ಗಾಯಕರು ಮತ್ತು ವಾದಕರು ಇರುವುದು ಅಲ್ಲಲ್ಲ. ಮುಖ್ಯದ್ವಾರದ ಮೇಲೆ, ಜನರ ಬೆನ್ನ ಹಿಂದೆ, ಎತ್ತರದ ಅಟ್ಟದಲ್ಲಿ. ನಾದ ತಲೆಯ ಮೇಲಿಂದ ಹಾಯ್ದು ಬರುತ್ತದೆ, ನುಡಿಸುವವನ ಮುಖ ಕಾಣುವುದಿಲ್ಲ. ಇದು ಕಟ್ಟಿದವರ ಅನುಕೂಲಕ್ಕಷ್ಟೇ ಆದ ಏರ್ಪಾಡಲ್ಲ. ದೇವರ ಮುಂದೆ ವಾದಕನು ತನ್ನನ್ನು ಮೆರೆಸಿಕೊಳ್ಳಬಾರದೆಂಬ ತತ್ತ್ವ ಅದರಲ್ಲಿದೆ. 1903ರಲ್ಲಿ ಹತ್ತನೆಯ ಪಯಸ್ ಪೋಪರು ಹೊರಡಿಸಿದ ಸಂಗೀತದ ಕಟ್ಟಳೆಯಂತೂ, ಗಾಯಕವೃಂದವು ಜನರ ಕಣ್ಣಿಗೆ ತೀರ ತೆರೆದಂತಿದ್ದರೆ ಜಾಲರಿಯ ಮರೆಯಲ್ಲಿರುವುದೇ ಉಚಿತವೆಂದು ಹೇಳಿತು.

1510ರಲ್ಲಿ ಪೋರ್ಚುಗೀಸರು ಗೋವೆಯನ್ನು ವಶಪಡಿಸಿಕೊಂಡರು. ಆಮೇಲಿನ ಶತಮಾನಗಳಲ್ಲಿ ಇಗರ್ಜಿಗಳ ನೆರಳಿನಲ್ಲೇ ಬೆಳೆದ ಶಾಲೆಗಳಲ್ಲಿ ಹಳ್ಳಿಯ ಮಕ್ಕಳಿಗೆ ಓದುಬರಹ, ಧರ್ಮಬೋಧೆಗಳ ಜೊತೆಗೆ ಸಂಗೀತವೂ ಪಾಠವಾಯಿತು. ಕಲಿಸುವವನು ‘ಮೆಸ್ತ್ರಿ’. ಮೊದಲು ಸ್ವರಲಿಪಿಯನ್ನು ಬಾಯಲ್ಲಿ ಓದಿ ಹಾಡುವ ಅಭ್ಯಾಸ, ಅದು ಗಟ್ಟಿಯಾದ ಮೇಲೆ ಕೈಗೆ ಪಿಟೀಲು. ಪೋರ್ಚುಗೀಸರ ‘ರಬೇಕ’ ಎಂಬ ಪದ ಕೊಂಕಣಿಯ ಬಾಯಲ್ಲಿ ‘ರೆಬೆಕ್’ ಆಗಿ ಮನೆಮಾತಾಯಿತು. ಈ ವಿದ್ಯೆ ಹೊರಗಿನಿಂದ ಹೇರಿದ ಧರ್ಮದೊಡನೆ ಬಂದದ್ದು ನಿಜ. ಆ ಹೇರಿಕೆಯ ಹಿಂದಿದ್ದ ಬಲಾತ್ಕಾರವನ್ನು ಮರೆಯುವಂತಿಲ್ಲ. ಆದರೆ ಗದ್ದೆ ಉಳುವವರ ಮಗನೂ ಸ್ವರಲಿಪಿಯನ್ನು ಪತ್ರ ಓದುವಂತೆ ಓದಬಲ್ಲವನಾದದ್ದು ಇದೇ ಶಾಲೆಗಳಿಂದ ಎಂಬುದೂ ಅಷ್ಟೇ ನಿಜ.

ಆ ವಿದ್ಯೆಗೆ ಕಸುವು ತುಂಬಿದ್ದು ಹಬ್ಬಗಳು. ಇಗರ್ಜಿಯ ವರ್ಷದಲ್ಲಿ ಮೌನಕ್ಕೂ ನಾದಕ್ಕೂ ಗೊತ್ತಾದ ಕಾಲಗಳಿವೆ. ತಪಸ್ಸುಕಾಲದ ನಲವತ್ತು ದಿನ ವಾದ್ಯಗಳು ತಗ್ಗಿ ನಡೆಯಬೇಕು, ಹಾಡಿಗೆ ಆಸರೆಯಾಗಿ ಮಾತ್ರ ಇರಬೇಕು. ಈಸ್ಟರ್ ಜಾಗರಣೆಯ ರಾತ್ರಿ ಸ್ತುತಿಗೀತೆ ಮೊದಲಾಗುತ್ತಿದ್ದಂತೆ ಗಂಟೆ, ವಾದ್ಯಗಳೆಲ್ಲ ಒಟ್ಟಿಗೆ ಬಾಯಿ ಬಿಡುತ್ತವೆ. ಕ್ರಿಸ್ಮಸ್ಸಿನ ನಡುರಾತ್ರಿಯ ಪೂಜೆ, ಊರ ಪಾಲಕ ಸಂತನ ಹಬ್ಬ, ಅದಕ್ಕೆ ಮುಂಚಿನ ಒಂಬತ್ತು ದಿನಗಳ ನೊವೆನಾ, ಮನೆಗಳ ಮುಂದಿನ ಶಿಲುಬೆಯೆದುರು ಹಾಡುವ ‘ಲದಿನ್’ ಎಂಬ ಪ್ರಾರ್ಥನೆ — ಪಿಟೀಲಿನವನಿಗೆ ವರ್ಷದುದ್ದಕ್ಕೂ ಕರೆ ಬರುತ್ತಿತ್ತು. ಹಬ್ಬದ ದಿನ ತಪ್ಪು ನುಡಿದರೆ ಇಡೀ ಊರಿಗೆ ತಿಳಿಯುತ್ತದೆ. ಅಂಥ ಪರೀಕ್ಷೆಗಳಲ್ಲಿ ಪಳಗಿದ ಕೈಗಳವು.

ಹಾಗೆಂದು ಇಗರ್ಜಿ ತಂತಿವಾದ್ಯಗಳನ್ನು ಎಲ್ಲ ಕಾಲಕ್ಕೂ ಮುಕ್ತಮನಸ್ಸಿನಿಂದ ಬರಮಾಡಿಕೊಂಡಿತೆಂದಲ್ಲ. ಅಲ್ಲಿನ ಪಟ್ಟದ ವಾದ್ಯ ಆರ್ಗನ್. 1749ರಲ್ಲಿ ಹದಿನಾಲ್ಕನೆಯ ಬೆನೆಡಿಕ್ಟ್ ಪೋಪರು ಪಿಟೀಲಿನಂಥ ವಾದ್ಯಗಳಿಗೆ ಸಮ್ಮತಿಯಿತ್ತರೂ, ಅವು ಹಾಡುವವರ ದನಿಗೆ ಬಲ ಕೊಡಲಷ್ಟೇ ಇರಬೇಕೆಂದರು. 1903ರ ಕಟ್ಟಳೆ ಇನ್ನೂ ಬಿಗಿಯಾಯಿತು: ಪಿಯಾನೊಗೆ ಪ್ರವೇಶವಿಲ್ಲ, ಆರ್ಗನ್ನಿನ ಹೊರತಾದ ಬೇರೆ ವಾದ್ಯಗಳಿಗೆ ಬಿಷಪ್ಪರ ಅಪ್ಪಣೆ ಬೇಕು. ಆದರೂ ತಂತಿವಾದ್ಯ ಹಬ್ಬದ ಹೆಸರಿನಲ್ಲಿ ಒಳಗೆ ಬರುತ್ತಲೇ ಇತ್ತು. ಜಗತ್ತಿನಲ್ಲೆಲ್ಲ ಹಾಡುವ ಕ್ರಿಸ್ಮಸ್ ಗೀತೆ ‘ಸೈಲೆಂಟ್ ನೈಟ್’ ಮೊದಲು ಕೇಳಿಬಂದದ್ದು 1818ರ ಡಿಸೆಂಬರ್ 24ರಂದು, ಆಸ್ಟ್ರಿಯಾದ ಓಬರ್ನ್‌ಡೋರ್ಫ್ ಎಂಬ ಊರಿನ ಇಗರ್ಜಿಯಲ್ಲಿ. ಸಾಹಿತ್ಯ ಜೋಸೆಫ್ ಮೋರ್ ಎಂಬ ಪಾದ್ರಿಯದು, ರಾಗ ಫ್ರಾನ್ಜ್ ಗ್ರೂಬರ್ ಎಂಬ ಶಾಲಾ ಉಪಾಧ್ಯಾಯನದು, ಪಕ್ಕವಾದ್ಯ ಒಂದು ಗಿಟಾರ್.

ಗೋವೆಯ ಪಿಟೀಲು ಮುಂಬಯಿಗೆ ಬಂದದ್ದು ಹೊಟ್ಟೆಪಾಡಿಗಾಗಿ. ಊರಿನಲ್ಲಿ ಉದ್ಯೋಗವಿಲ್ಲದೆ ಬಂದವರು ಧೋಬಿತಲಾವ್, ಮಜಗಾಂವ್‌ಗಳ ‘ಕೂಡ್’ಗಳಲ್ಲಿ ಇಳಿದುಕೊಂಡರು. ಒಂದೊಂದು ಹಳ್ಳಿಯವರಿಗೆ ಒಂದೊಂದು ಕೂಡ್. ಗೋಡೆಯುದ್ದಕ್ಕೂ ಟ್ರಂಕುಗಳು, ಒಂದು ಮೂಲೆಯಲ್ಲಿ ಪೀಠ, ಸಂಜೆ ಜಪಮಾಲೆ, ವರ್ಷಕ್ಕೊಮ್ಮೆ ಊರ ಸಂತನ ಹಬ್ಬ. ನಮ್ಮ ಹಿರಿಯರು ಹೋಟೆಲಿನ ಅಟ್ಟದಲ್ಲಿ ಮಲಗಿ, ರಾತ್ರಿಶಾಲೆಯಲ್ಲಿ ಕಲಿತು, ಭಜನಾ ಮಂಡಳಿಗಳಲ್ಲಿ ಊರನ್ನು ಮತ್ತೆ ಕಟ್ಟಿಕೊಂಡ ಬಗೆಯನ್ನು ಬಲ್ಲ ನಮಗೆ ಈ ಚಿತ್ರ ಕೂಡಲೇ ಅರ್ಥವಾಗುತ್ತದೆ.

ಅದೇ ಕಾಲಕ್ಕೆ ಹಿಂದಿ ಚಿತ್ರರಂಗ ದೊಡ್ಡ ವಾದ್ಯವೃಂದಗಳನ್ನು ಬಯಸತೊಡಗಿತ್ತು. ಆಗಿನ ಧ್ವನಿಮುದ್ರಣದಲ್ಲಿ ಹಾಡುವವರೂ ನುಡಿಸುವವರೂ ಒಟ್ಟಿಗೆ ಕುಳಿತು ಇಡೀ ಹಾಡನ್ನು ಒಂದೇ ಉಸಿರಿಗೆ ಮುಗಿಸಬೇಕಿತ್ತು. ಒಬ್ಬನು ತಪ್ಪಿದರೆ ಎಲ್ಲರೂ ಮೊದಲಿನಿಂದ ಆರಂಭಿಸಬೇಕು. ಬೆಳಿಗ್ಗೆ ಕೈಗಿತ್ತ ಹಾಳೆಯನ್ನು ನೋಡಿದೊಡನೆ ನುಡಿಸಬಲ್ಲವರು ಬೇಕಿದ್ದರು. ಆ ವಿದ್ಯೆ ಇದ್ದದ್ದು ಇಗರ್ಜಿಯ ಶಾಲೆಯಿಂದ ಬಂದ ಗೋವೆಯವರ ಬಳಿ. ಶಂಕರ್–ಜೈಕಿಶನ್ ಮತ್ತು ಓ.ಪಿ. ನಯ್ಯರ್ ಅವರ ಹಾಡುಗಳಿಗೆ ವಾದ್ಯಸಂಯೋಜನೆ ಮಾಡಿದ ಸೆಬಾಸ್ಟಿಯನ್ ಡಿಸೋಜ ಈ ಪರಂಪರೆಯವರು. ಮಜೋರ್ಡಾ ಗ್ರಾಮದ ಇಗರ್ಜಿಯ ಗಾನಗುರುವಿನ ಮಗ ಆಂಟನಿ ಗೊನ್ಸಾಲ್ವಿಸ್ (1927–2012) ಇನ್ನೊಬ್ಬರು. 1943ರಲ್ಲಿ ನೌಶಾದರ ವೃಂದದಲ್ಲಿ ಪಿಟೀಲು ಹಿಡಿದ ಅವರು, ರಾಗಗಳನ್ನು ಪಾಶ್ಚಾತ್ಯ ವಾದ್ಯವೃಂದಕ್ಕೆ ಹೊಂದಿಸುವ ಕನಸು ಹೊತ್ತು 1958ರಲ್ಲಿ ‘ಇಂಡಿಯನ್ ಸಿಂಫನಿ ಆರ್ಕೆಸ್ಟ್ರಾ’ ಕಟ್ಟಿದರು. ಲತಾ ಮಂಗೇಶ್ಕರ್, ಮನ್ನಾ ಡೇ ಅದರಲ್ಲಿ ಹಾಡಿದರು.

ಇಲ್ಲಿಯೇ ನಮ್ಮ ಪ್ರಶ್ನೆ ಹುಟ್ಟುತ್ತದೆ. ಇಗರ್ಜಿಯ ಅಟ್ಟದಲ್ಲಿ ವಾದಕನು ಅಜ್ಞಾತನಾಗಿದ್ದದ್ದು ಭಕ್ತಿಯ ಶಿಸ್ತು. ಸ್ಟುಡಿಯೊದಲ್ಲಿ ಅದೇ ಅಜ್ಞಾತಸ್ಥಿತಿ ಅನ್ಯಾಯವಾಯಿತು. ಪರದೆಯ ಮೇಲೆ ಸಂಗೀತ ನಿರ್ದೇಶಕರ ಹೆಸರು ದೊಡ್ಡಕ್ಷರಗಳಲ್ಲಿ ಮೂಡಿತು. ವಾದ್ಯಸಂಯೋಜಕರಿಗೆ ‘ಸಹಾಯಕ’ರೆಂಬ ಪದವಿ ಸಿಕ್ಕರೆ ಅದೇ ಭಾಗ್ಯ, ಪಿಟೀಲಿನವರಿಗೆ ಅದೂ ಇಲ್ಲ. ಗೊನ್ಸಾಲ್ವಿಸ್ ಅವರ ಹೆಸರು ಕೋಟ್ಯಂತರ ಜನರ ನಾಲಗೆಗೆ ಬಂದದ್ದೂ 1977ರ ‘ಅಮರ್ ಅಕ್ಬರ್ ಆಂಟನಿ’ಯ ವಿನೋದದ ಹಾಡಿನಿಂದ. ಚಿತ್ರದ ಸಂಗೀತ ಲಕ್ಷ್ಮೀಕಾಂತ್–ಪ್ಯಾರೇಲಾಲ್ ಅವರದು. ಪಿಟೀಲು ಕಲಿಸಿದ ಗುರುವಿಗೆ ಪ್ಯಾರೇಲಾಲ್ ಸಲ್ಲಿಸಿದ ಕಾಣಿಕೆ ಅದು. ಈಸ್ಟರ್ ಔತಣದ ದೃಶ್ಯದಲ್ಲಿ ದೊಡ್ಡ ಮೊಟ್ಟೆಯೊಡೆದು ಹೊರಬರುವ ನಾಯಕನನ್ನು ನೋಡಿ ನಕ್ಕವರಲ್ಲಿ ಎಷ್ಟು ಜನ ಆ ಹೆಸರಿನ ಒಬ್ಬ ವಿದ್ವಾಂಸರು ನಿಜವಾಗಿಯೂ ಇದ್ದಾರೆಂದು ತಿಳಿದಿದ್ದರು?

ಇದೇ ವಾದ್ಯ ದಕ್ಷಿಣದಲ್ಲಿ ಬೇರೊಂದು ದಾರಿ ಹಿಡಿಯಿತು. ಮದರಾಸಿನಲ್ಲಿ ಯುರೋಪಿಯನ್ ವಾದಕರಿಂದ ಪಿಟೀಲು ಕಲಿತ ಬಾಲುಸ್ವಾಮಿ ದೀಕ್ಷಿತರು (1786–1858) ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ಅಲ್ಲಿ ಪಿಟೀಲು ನೆಲದ ಮೇಲೆ, ವೇದಿಕೆಯಲ್ಲಿ, ಸಭಿಕರ ಎದುರು ಕುಳಿತಿತು. ಪಕ್ಕವಾದ್ಯವೇ ಆದರೂ ಆಹ್ವಾನಪತ್ರಿಕೆಯಲ್ಲಿ ಅದರ ವಿದ್ವಾಂಸರ ಹೆಸರುಂಟು. ಏಳು ತಂತಿಗಳ ಪಿಟೀಲನ್ನು ನುಡಿಸಿದ ಮೈಸೂರಿನ ಟಿ. ಚೌಡಯ್ಯನವರಿಗೆ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸಭಾಂಗಣವೇ ಎದ್ದು ನಿಂತಿದೆ. ಒಂದೇ ವಾದ್ಯ, ಒಂದು ಕಡೆ ಕಟ್ಟಡವೇ ಸ್ಮಾರಕ, ಇನ್ನೊಂದು ಕಡೆ ಹೆಸರಿನ ಪಟ್ಟಿಯೂ ಪೂರ್ಣವಾಗಿಲ್ಲ.

ಕಾಲ ಈಗ ಬದಲಾಗಿದೆ. ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ ಲ್ಯಾಟಿನ್ನಿನ ಬದಲು ಜನಭಾಷೆ ಬಂತು, ಅಟ್ಟಕ್ಕೆ ಗಿಟಾರ್ ಮತ್ತು ಕೀಬೋರ್ಡುಗಳು ಏರಿದವು. ಗೋವೆಯ ಹಳೆಯ ಸಂಗೀತಶಾಲೆಗಳು ಕ್ಷೀಣಿಸಿದವು. ಸಿಂಥಸೈಜರ್ ಬಂದ ಮೇಲೆ ಸ್ಟುಡಿಯೊಗಳಿಗೆ ಐವತ್ತು ಪಿಟೀಲುಗಳ ಸಾಲು ಬೇಕಿಲ್ಲವಾಯಿತು. ಚಿತ್ರರಂಗ ಕೈಬಿಟ್ಟರೂ ಹಲವರ ಪಾಲಿಗೆ ಹಬ್ಬದ ಪೂಜೆ ಉಳಿಯಿತು. ಕಲಿತಲ್ಲಿಗೇ ಆ ವಿದ್ಯೆ ಮರಳಿತು.

2008ರಲ್ಲಿ ಗ್ರೆಗರಿ ಬೂತ್ ಎಂಬ ವಿದ್ವಾಂಸರು ಈ ವಾದಕರ ಮಾತುಗಳನ್ನು ಕಲೆಹಾಕಿ ‘ಬಿಹೈಂಡ್ ದ ಕರ್ಟನ್’ ಎಂಬ ಗ್ರಂಥ ಪ್ರಕಟಿಸಿದರು. ಅಷ್ಟರಲ್ಲಿ ಎಷ್ಟೋ ಮಂದಿ ತೀರಿಕೊಂಡಿದ್ದರು. ಇತಿಹಾಸವನ್ನು ಬರೆದಿಡುವ ಕೆಲಸ ತಡವಾದರೆ ಮೊದಲು ಅಳಿಸಿಹೋಗುವುದು ಪಕ್ಕವಾದ್ಯದವರ ಹೆಸರೇ. ಹೊರನಾಡಿನ ನಮ್ಮ ಭಜನಾ ಮಂಡಳಿಗಳಲ್ಲಿ ಹಾರ್ಮೋನಿಯಂ ಹಿಡಿದವರು, ಯಕ್ಷಗಾನದ ಮೇಳಗಳಲ್ಲಿ ಮದ್ದಳೆ ನುಡಿಸಿದವರು ಇನ್ನೂ ಹಲವರು ನಮ್ಮೊಡನಿದ್ದಾರೆ. ಮುಂದಿನ ಸ್ಮರಣಸಂಚಿಕೆಯಲ್ಲಿ ಅಧ್ಯಕ್ಷರ ಭಾವಚಿತ್ರದ ಪಕ್ಕದಲ್ಲಿ ಅವರ ಹೆಸರು, ಊರು, ಅವರಿಗೆ ಕಲಿಸಿದವರ ಹೆಸರು ಅಚ್ಚಾಗಲಿ.