ಹೊಲಿಗೆಯ ಯಂತ್ರವೂ ಏಕಸ್ವಾಮ್ಯದ ಹಕ್ಕೂ

೧

೧೯೨೪ರಲ್ಲಿ ಗಾಂಧೀಜಿಯವರು ದೆಹಲಿಯಲ್ಲಿದ್ದಾಗ, ಶಾಂತಿನಿಕೇತನದ ವಿದ್ಯಾರ್ಥಿ ರಾಮಚಂದ್ರನ್ ಅವರನ್ನು ಕಂಡು, ತಾವು ಎಲ್ಲ ಯಂತ್ರಗಳಿಗೂ ವಿರೋಧಿಗಳೇ ಎಂದು ಪ್ರಶ್ನಿಸಿದರು. ಗಾಂಧೀಜಿಯವರು ಕೊಟ್ಟ ಉತ್ತರದಲ್ಲಿ ಒಂದು ಯಂತ್ರಕ್ಕೆ ವಿಶೇಷವಾದ ವಿನಾಯಿತಿ ದೊರೆಯಿತು. ಅದು ಸಿಂಗರ್ ಹೊಲಿಗೆಯ ಯಂತ್ರ. ಹೆಂಡತಿಯು ಕೈಹೊಲಿಗೆಯಿಂದ ಬಳಲುವುದನ್ನು ಕಂಡ ಸಿಂಗರನು ಅವಳ ಮೇಲಣ ಪ್ರೀತಿಯಿಂದಲೇ ಆ ಯಂತ್ರವನ್ನು ಕಂಡುಹಿಡಿದನೆಂದು ಅವರು ನಂಬಿದ್ದರು. ಯಂತ್ರದ ಹಿಂದೆ ಲೋಭವಿರದೆ ಪ್ರೀತಿಯಿದ್ದರೆ ಅದು ಮನುಷ್ಯನಿಗೆ ಹಿತಕರವೆಂಬುದು ಅವರ ವಾದದ ತಿರುಳು. ಈ ಸಂವಾದವು ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಕಥೆ ಮನೋಹರವಾದುದು, ಆದರೆ ಇತಿಹಾಸದ ದಾಖಲೆಗಳು ಅದನ್ನು ಸಮರ್ಥಿಸುವುದಿಲ್ಲ. ಐಸಾಕ್ ಸಿಂಗರನು ಹೊಲಿಗೆಯ ಯಂತ್ರದ ಮೊದಲ ನಿರ್ಮಾಪಕನಲ್ಲ, ಎರಡನೆಯವನೂ ಅಲ್ಲ. ಅವನು ಅದಕ್ಕೆ ಕೈಹಾಕಿದ್ದು ಜೀವನೋಪಾಯಕ್ಕಾಗಿ. ಹೆಂಡತಿಯ ಹೊಲಿಗೆಯ ಪ್ರಸ್ತಾಪವು ಈ ಇತಿಹಾಸದಲ್ಲಿ ಎಲ್ಲಿಯಾದರೂ ಬರುವುದಾದರೆ, ಸಿಂಗರನು ಯಾರೊಡನೆ ನ್ಯಾಯಾಲಯದಲ್ಲಿ ಹೋರಾಡಿದನೋ ಆ ಎಲಾಯಸ್ ಹೌ ಎಂಬವನ ಮನೆಯಲ್ಲಿ ಬರುತ್ತದೆ. ಗಾಂಧೀಜಿಯವರಂಥ ಸತ್ಯಶೋಧಕರಿಗೂ ಈ ಭ್ರಮೆ ಉಂಟಾಗಲು ಕಾರಣವುಂಟು. ಒಂದು ವಸ್ತುವಿಗೆ ಒಬ್ಬನೇ ಕರ್ತೃವಿರಬೇಕೆಂಬುದು ಲೋಕದ ಸಹಜವಾದ ಕಲ್ಪನೆ. ಪೇಟೆಂಟ್ ಎಂಬ ಹೆಸರಿನಲ್ಲಿ ಶೋಧಕನಿಗೆ ಕೆಲವು ವರ್ಷಗಳ ಏಕಸ್ವಾಮ್ಯವನ್ನು ಕೊಡುವ ಕಾಯಿದೆಯೂ ಬಹುಮಟ್ಟಿಗೆ ಇದೇ ಕಲ್ಪನೆಯ ಮೇಲೆ ನಿಂತಿದೆ. ಆದರೆ ಬಳಕೆಗೆ ಯೋಗ್ಯವಾದ ಒಂದು ಪೂರ್ಣ ವಸ್ತುವು ಒಬ್ಬನ ಬುದ್ಧಿಯಿಂದ ಮಾತ್ರ ಹುಟ್ಟುವುದು ಬಹಳ ಅಪರೂಪ. ಹಾಗಿರುವಾಗ ಏಕಸ್ವಾಮ್ಯದ ಹಕ್ಕು ಶೋಧಕ್ಕೆ ಪೋಷಕವೋ ಅಡ್ಡಿಯೋ ಎಂಬ ಪ್ರಶ್ನೆಗೆ ಹೊಲಿಗೆಯ ಯಂತ್ರದ ಚರಿತ್ರೆಯಷ್ಟು ಸ್ಪಷ್ಟವಾದ ನಿದರ್ಶನ ಇನ್ನೊಂದು ದೊರೆಯಲಾರದು. ಸಾಮಾನ್ಯ ಗೃಹಸ್ಥನ ಮನೆಯನ್ನು ಹೊಕ್ಕ ಜಟಿಲ ಯಂತ್ರಗಳಲ್ಲಿ ಇದು ಮೊದಲ ಸಾಲಿನದು. ಹಕ್ಕುಪತ್ರಗಳ ಮಹಾಸಮರವನ್ನು ಕಂಡವುಗಳಲ್ಲಿಯೂ ಇದು ಮೊದಲ ಸಾಲಿನದೇ.

೨

ಫ್ರಾನ್ಸಿನ ಬಾರ್ತೆಲೆಮಿ ತಿಮೋನಿಯೆ ಎಂಬ ದರ್ಜಿಯು ೧೮೩೦ರಲ್ಲಿ ಒಂದು ಹೊಲಿಗೆಯ ಯಂತ್ರಕ್ಕೆ ಹಕ್ಕುಪತ್ರವನ್ನು ಪಡೆದು, ಪ್ಯಾರಿಸ್ಸಿನಲ್ಲಿ ಸುಮಾರು ೮೦ ಯಂತ್ರಗಳ ಕಾರ್ಖಾನೆಯಲ್ಲಿ ಸೈನಿಕರ ಸಮವಸ್ತ್ರಗಳನ್ನು ಹೊಲಿಸತೊಡಗಿದನು. ತಮ್ಮ ಅನ್ನಕ್ಕೆ ಸಂಚಕಾರ ಬಂದಿತೆಂದು ಬಗೆದ ಪ್ಯಾರಿಸ್ಸಿನ ದರ್ಜಿಗಳು ಗುಂಪುಗೂಡಿ ಬಂದು ಆ ಯಂತ್ರಗಳನ್ನು ನುಚ್ಚುನೂರು ಮಾಡಿದರು. ತಿಮೋನಿಯೆ ೧೮೫೭ರಲ್ಲಿ ಬಡತನದಲ್ಲಿಯೇ ತೀರಿಕೊಂಡನು. ಸರಕಾರದ ಮುದ್ರೆಯಿದ್ದ ಹಕ್ಕುಪತ್ರವು ಅವನ ಯಂತ್ರಗಳನ್ನು ಕಾಪಾಡಲಿಲ್ಲ.

ಅದೇ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ವಾಲ್ಟರ್ ಹಂಟ್ ಎಂಬವನು ಮೊನೆಯಲ್ಲಿಯೇ ಕಣ್ಣುಳ್ಳ ಸೂಜಿಯನ್ನೂ, ನೇಕಾರರ ಲಾಳಿಯಂತೆ ಅತ್ತಿತ್ತ ಓಡುವ ಒಂದು ಸಾಧನವನ್ನೂ ಜೋಡಿಸಿ, ಎರಡು ದಾರಗಳು ಒಂದಕ್ಕೊಂದು ಕೊಂಡಿಹಾಕಿಕೊಳ್ಳುವ ಗಟ್ಟಿಯಾದ ಹೊಲಿಗೆಯನ್ನು ಸಾಧಿಸಿದನು. ಹೊಲಿಗೆಯ ಯಂತ್ರದ ಮೂಲತತ್ತ್ವವು ಇದೇ. ಆದರೆ ಹಂಟನು ಹಕ್ಕುಪತ್ರಕ್ಕೆ ಅರ್ಜಿ ಹಾಕಲಿಲ್ಲ. ಹೊಲಿಗೆಯಿಂದ ಹೊಟ್ಟೆ ಹೊರೆಯುವ ಬಡಹೆಂಗಸರು ಕೆಲಸ ಕಳೆದುಕೊಂಡಾರೆಂದು ಅವನ ಮಗಳು ಅಂಜಿದುದೇ ಕಾರಣವೆಂಬ ಮಾತು ಬಳಕೆಯಲ್ಲಿದೆ. ಅವನು ಎಂತಹ ಮನುಷ್ಯನೆಂಬುದಕ್ಕೆ ಇನ್ನೊಂದು ನಿದರ್ಶನವನ್ನು ಹೇಳಬಹುದು. ಇಂದು ಮನೆಮನೆಯಲ್ಲಿರುವ ಸೇಫ್ಟಿ ಪಿನ್ನನ್ನು ೧೮೪೯ರಲ್ಲಿ ನಿರ್ಮಿಸಿ, ಅದರ ಹಕ್ಕನ್ನು ೪೦೦ ಡಾಲರುಗಳಿಗೆ ಮಾರಿಬಿಟ್ಟವನೂ ಇವನೇ.

ಹಂಟನ ಯಂತ್ರವು ಮೂಲೆಗೆ ಬಿದ್ದಿದ್ದಾಗ, ಮ್ಯಾಸಚೂಸೆಟ್ಸಿನ ಕುಶಲಕರ್ಮಿ ಎಲಾಯಸ್ ಹೌ ಅದೇ ತತ್ತ್ವದ ಮೇಲೆ ಯಂತ್ರವೊಂದನ್ನು ರಚಿಸಿದನು. ಅವನ ಸಂಪಾದನೆ ಸಾಲದೆ, ಹೆಂಡತಿಯು ಹೊಲಿಗೆಯಿಂದ ಸಂಸಾರವನ್ನು ತೂಗಿಸುತ್ತಿದ್ದಳೆಂದು ಹೇಳುವುದುಂಟು. ಜಾರ್ಜ್ ಫಿಷರ್ ಎಂಬ ಗೆಳೆಯನು ೫೦೦ ಡಾಲರುಗಳನ್ನೂ ವಸತಿಯನ್ನೂ ಒದಗಿಸಿ, ಅದಕ್ಕೆ ಪ್ರತಿಯಾಗಿ ಹಕ್ಕಿನ ಅರ್ಧಪಾಲನ್ನು ಪಡೆದನು. ೧೮೪೫ರಲ್ಲಿ ಬಾಸ್ಟನ್ನಿನ ಬಟ್ಟೆಯ ಕಾರ್ಖಾನೆಯೊಂದರಲ್ಲಿ ಅತಿ ವೇಗದ ಐವರು ಹೊಲಿಗೆಗಾರ್ತಿಯರೊಡನೆ ಪಂದ್ಯ ನಡೆದು ಯಂತ್ರವೇ ಗೆದ್ದಿತು. ಆದರೆ ೩೦೦ ಡಾಲರುಗಳ ಬೆಲೆಗೆ ಕೊಳ್ಳುವವರು ಮುಂದೆ ಬರಲಿಲ್ಲ. ೧೮೪೬ರ ಸೆಪ್ಟೆಂಬರ್ ೧೦ರಂದು ಹೌಗೆ ೪೭೫೦ನೆಯ ಸಂಖ್ಯೆಯ ಹಕ್ಕುಪತ್ರ ದೊರೆಯಿತು. ತಾಯ್ನಾಡಿನಲ್ಲಿ ಗಿರಾಕಿಗಳಿಲ್ಲದುದರಿಂದ ಇಂಗ್ಲೆಂಡಿನ ಹಕ್ಕನ್ನು ೨೫೦ ಪೌಂಡುಗಳಿಗೆ ಮಾರಿ, ಅಲ್ಲಿಯೇ ಕೆಲಸಕ್ಕೆ ಸೇರಿ, ಕೊನೆಗೆ ಬರಿಗೈಯಲ್ಲಿ ೧೮೪೯ರಲ್ಲಿ ಹಿಂದಿರುಗಿದನು. ಸ್ವಲ್ಪಕಾಲದಲ್ಲಿಯೇ ಹೆಂಡತಿ ತೀರಿಕೊಂಡಳು. ಇತ್ತ ಅಮೆರಿಕದಲ್ಲಿ ಹಲವರು ಹೊಲಿಗೆಯ ಯಂತ್ರಗಳನ್ನು ಮಾಡಿ ಮಾರುತ್ತಿದ್ದುದು ಅವನ ಕಣ್ಣಿಗೆ ಬಿದ್ದಿತು.

೩

ಹೌ ರಚಿಸಿದ ಯಂತ್ರವು ಇದ್ದಂತೆಯೇ ಮನೆಬಳಕೆಗೆ ಬರುವಂತಿರಲಿಲ್ಲ. ಅದರಲ್ಲಿ ಬಟ್ಟೆಯನ್ನು ಒಂದು ತಟ್ಟೆಯ ಮುಳ್ಳುಗಳಿಗೆ ಸಿಕ್ಕಿಸಿ ನೇತುಹಾಕಬೇಕಾಗಿತ್ತು. ತಟ್ಟೆಯ ಉದ್ದಕ್ಕೆ ನೇರವಾಗಿ ಹೊಲಿದಾದ ಮೇಲೆ ಬಟ್ಟೆಯನ್ನು ತೆಗೆದು ಮತ್ತೆ ಸಿಕ್ಕಿಸಬೇಕಾಗಿತ್ತು. ಬಾಗಿದ ಸೆರಗನ್ನೋ ತೋಳನ್ನೋ ಹೊಲಿಯುವುದು ಅಶಕ್ಯವೇ ಸರಿ. ಈ ಕೊರತೆಗಳನ್ನು ತುಂಬಿದವರು ಬೇರೆಯವರು. ೧೮೪೯ರಲ್ಲಿ ಜಾನ್ ಬ್ಯಾಚೆಲ್ಡರನು ಬಟ್ಟೆಯು ನಿಲ್ಲದೆ ಮುಂದೆ ಸರಿಯುವ ಏರ್ಪಾಡಿಗೆ ಹಕ್ಕನ್ನು ಪಡೆದನು. ಆಲನ್ ವಿಲ್ಸನ್ನನು ಲಾಳಿಗೆ ಬದಲಾಗಿ ತಿರುಗುವ ಕೊಕ್ಕೆಯನ್ನೂ, ೧೮೫೪ರಲ್ಲಿ ಬಟ್ಟೆಯನ್ನು ಹಿಡಿದು, ಸರಿಸಿ, ಬಿಟ್ಟು, ಹಿಂದಿರುಗುವ ಹಲ್ಲಿನ ಪಟ್ಟಿಯನ್ನೂ ತಂದನು. ಇಂದಿನ ಯಂತ್ರಗಳಲ್ಲಿಯೂ ಬಟ್ಟೆ ಸರಿಯುವುದು ಇದೇ ಉಪಾಯದಿಂದ. ಗ್ರೋವರ್ ಮತ್ತು ಬೇಕರರು ಎರಡು ದಾರಗಳ ಸರಪಣಿಹೊಲಿಗೆಗೆ ಹಕ್ಕುಳ್ಳವರಾದರು.

ನಟನಾಗಿ ಊರೂರು ಅಲೆದಿದ್ದ ಸಿಂಗರನು ಈ ರಂಗವನ್ನು ಪ್ರವೇಶಿಸಿದ್ದು ೧೮೫೦ರಲ್ಲಿ. ಬಾಸ್ಟನ್ನಿನ ಕಾರ್ಯಾಗಾರವೊಂದಕ್ಕೆ ದುರಸ್ತಿಗೆ ಬಂದಿದ್ದ ಬೇರೊಬ್ಬರ ಯಂತ್ರದ ದೋಷಗಳನ್ನು ಕಂಡು, ಹನ್ನೊಂದು ದಿನಗಳಲ್ಲಿ, ೪೦ ಡಾಲರುಗಳ ಬಂಡವಾಳದಿಂದ ಹೊಸದೊಂದು ಯಂತ್ರವನ್ನು ನಿರ್ಮಿಸಿದನೆಂದು ಪ್ರತೀತಿ. ನೆಟ್ಟಗೆ ಮೇಲಕ್ಕೂ ಕೆಳಕ್ಕೂ ಚಲಿಸುವ ಸೂಜಿ, ಮಟ್ಟಸವಾದ ಮೇಜು, ಬಟ್ಟೆಯನ್ನು ಅದುಮಿಡುವ ಪಾದ, ಕಾಲಿನಿಂದ ತುಳಿದು ನಡೆಸುವ ಹಲಗೆ — ಇವೆಲ್ಲ ಸೇರಿ ಯಂತ್ರಕ್ಕೆ ಇಂದು ಪರಿಚಿತವಾಗಿರುವ ರೂಪ ಬಂದಿತು. ೧೮೫೧ರ ಆಗಸ್ಟ್ ೧೨ರಂದು ಅವನಿಗೂ ಹಕ್ಕುಪತ್ರ ದೊರೆಯಿತು. ಆದರೆ ಅವನ ಸೂಜಿಯ ಕಣ್ಣು ಮೊನೆಯಲ್ಲಿಯೇ ಇತ್ತು; ಅವನ ಲಾಳಿಯೂ ಹೌನ ಹಕ್ಕಿನೊಳಗಿನದೇ ಆಗಿತ್ತು.

ಪೇಟೆಂಟಿನ ಸ್ವರೂಪವನ್ನು ಇಲ್ಲಿ ಸರಿಯಾಗಿ ತಿಳಿಯಬೇಕು. ಅದು ಒಡೆಯನಿಗೆ ವಸ್ತುವನ್ನು ತಯಾರಿಸುವ ಅಧಿಕಾರವನ್ನು ಕೊಡುವುದಿಲ್ಲ. ಇತರರು ತಯಾರಿಸದಂತೆ ತಡೆಯುವ ಅಧಿಕಾರವನ್ನು ಮಾತ್ರ ಕೊಡುತ್ತದೆ. ಹೌನ ಅನುಮತಿಯಿಲ್ಲದೆ ಸಿಂಗರನು ಯಂತ್ರವನ್ನು ಮಾರುವಂತಿರಲಿಲ್ಲ. ಬ್ಯಾಚೆಲ್ಡರ್, ವಿಲ್ಸನ್, ಸಿಂಗರರ ಸುಧಾರಣೆಗಳಿಲ್ಲದೆ ಹೌನು ಮಾರಬಲ್ಲಂತಹ ಯಂತ್ರವನ್ನೇ ಮಾಡುವಂತಿರಲಿಲ್ಲ. ಒಬ್ಬೊಬ್ಬನ ಕೈಯಲ್ಲಿಯೂ ಒಂದೊಂದು ಬಾಗಿಲಿನ ಬೀಗದಕೈ. ಮನೆಯೊಳಕ್ಕೆ ಹೋಗುವ ಶಕ್ತಿ ಮಾತ್ರ ಯಾರಿಗೂ ಇಲ್ಲ.

ಪರಿಣಾಮವಾಗಿ ದಾವೆಗಳು ಬೆಳೆದವು. ಹೌ ಎಲ್ಲರ ಮೇಲೂ ದಾವೆ ಹೂಡಿದನು. ಸಿಂಗರನ ಪಕ್ಷದವರು ಹಂಟನನ್ನು ಹುಡುಕಿ, ಅವನ ಹಳೆಯ ಯಂತ್ರದ ಆಧಾರದ ಮೇಲೆ, ಹೌ ಮೊದಲಿಗನಲ್ಲವೆಂದು ವಾದಿಸಿದರು. ಹಂಟನು ಮೊದಲು ಕಂಡುಹಿಡಿದುದು ನಿಜವಾದರೂ, ಅಷ್ಟು ವರ್ಷ ಸುಮ್ಮನಿದ್ದುದರಿಂದ ಅವನಿಗೆ ಹಕ್ಕು ಸಲ್ಲದೆಂದು ೧೮೫೪ರಲ್ಲಿ ನಿರ್ಣಯವಾಯಿತು. ಸಿಂಗರನು ಅದೇ ವರ್ಷ ಹೌಗೆ ೧೫,೦೦೦ ಡಾಲರುಗಳನ್ನು ತೆತ್ತು ರಾಜಿಯಾದನು. ಆದರೂ ತಯಾರಕರು ಪರಸ್ಪರ ಹೂಡಿದ ದಾವೆಗಳು ನಿಲ್ಲಲಿಲ್ಲ. ಕಾರ್ಖಾನೆಗಳಲ್ಲಿ ತೊಡಗಬೇಕಾದ ಹಣ ವಕೀಲರ ಪಾಲಾಯಿತು.

೪

೧೮೫೬ರ ಅಕ್ಟೋಬರಿನಲ್ಲಿ ನ್ಯೂಯಾರ್ಕ್ ರಾಜ್ಯದ ಆಲ್ಬನಿ ನಗರದಲ್ಲಿ ಎಲ್ಲ ಪಕ್ಷಗಳೂ ದಾವೆಗೆಂದು ನೆರೆದಿದ್ದಾಗ, ಗ್ರೋವರ್ ಮತ್ತು ಬೇಕರ್ ಸಂಸ್ಥೆಯ ಅಧ್ಯಕ್ಷನೂ ಸ್ವತಃ ವಕೀಲನೂ ಆಗಿದ್ದ ಆರ್ಲ್ಯಾಂಡೊ ಪಾಟರನು ಒಂದು ಸಲಹೆಯನ್ನು ಮುಂದಿಟ್ಟನು. ಎಲ್ಲರ ಹಕ್ಕುಗಳನ್ನೂ ಒಂದೇ ಬೊಕ್ಕಸಕ್ಕೆ ಸೇರಿಸಿ, ಬೇಕಾದ ತಯಾರಕರಿಗೆ ಅಲ್ಲಿಂದಲೇ ಪರವಾನಗಿ ಕೊಡೋಣವೆಂಬುದು ಆ ಸಲಹೆ. ಹೌ ಮತ್ತು ಮೂರು ಕಂಪನಿಗಳು ಸೇರಿ ಒಕ್ಕೂಟವನ್ನು ರಚಿಸಿದವು. ಪ್ರತಿ ಯಂತ್ರಕ್ಕೆ ಪರವಾನಗಿಯ ಶುಲ್ಕ ೧೫ ಡಾಲರುಗಳೆಂದೂ, ಅದರಲ್ಲಿ ಅಮೆರಿಕದೊಳಗೆ ಮಾರಾಟವಾದ ಒಂದೊಂದು ಯಂತ್ರಕ್ಕೆ ೫ ಡಾಲರುಗಳು ಹೌಗೆ ಸಲ್ಲತಕ್ಕದ್ದೆಂದೂ ಗೊತ್ತಾಯಿತು. ಕನಿಷ್ಠ ೨೪ ತಯಾರಕರಿಗೆ ಪರವಾನಗಿ ಕೊಡಬೇಕೆಂಬುದು ಹೌ ಹಾಕಿದ ಕರಾರು. ೧೮೬೦ರಲ್ಲಿ ಅವನ ಹಕ್ಕಿನ ಅವಧಿ ಏಳು ವರ್ಷ ವಿಸ್ತರಿಸಲ್ಪಟ್ಟಾಗ ಶುಲ್ಕವು ೭ ಡಾಲರುಗಳಿಗೂ ಅವನ ಪಾಲು ೧ ಡಾಲರಿಗೂ ಇಳಿಯಿತು. ಆದರೂ, ಹಕ್ಕು ಮುಗಿದ ೧೮೬೭ರಲ್ಲಿಯೇ ತೀರಿಕೊಂಡ ಹೌ, ಅಷ್ಟರೊಳಗೆ ಹತ್ತು ಲಕ್ಷ ಡಾಲರುಗಳನ್ನು ಮೀರಿದ ಸಂಪತ್ತನ್ನು ಗಳಿಸಿದ್ದನು.

ದಾವೆಗಳ ಭಯ ತೊಲಗಿದುದು ಒಕ್ಕೂಟದ ದೊಡ್ಡ ಉಪಕಾರ. ಆದರೆ ಯಂತ್ರವನ್ನು ಮನೆಗಳಿಗೆ ಮುಟ್ಟಿಸಿದುದರಲ್ಲಿ ಯಂತ್ರಶಾಸ್ತ್ರದಷ್ಟೇ ಸಾಲದ ಶಾಸ್ತ್ರವೂ ಪಾಲುಗೊಂಡಿತು. ಆಗಿನ ಒಂದು ಸಿಂಗರ್ ಯಂತ್ರಕ್ಕೆ ನೂರು ಡಾಲರುಗಳಿಗಿಂತ ಹೆಚ್ಚು ಬೆಲೆ. ಸಾಮಾನ್ಯ ಕುಟುಂಬದ ವರ್ಷದ ಆದಾಯವು ಸುಮಾರು ೫೦೦ ಡಾಲರು. ಸಿಂಗರನ ಪಾಲುದಾರನಾದ ಎಡ್ವರ್ಡ್ ಕ್ಲಾರ್ಕ್ ಎಂಬ ವಕೀಲನು ಅದೇ ೧೮೫೬ರಲ್ಲಿ ಕಂತಿನ ಪದ್ಧತಿಯನ್ನು ಆರಂಭಿಸಿದನು. ಮೊದಲು ೫ ಡಾಲರು ಕೊಟ್ಟು ಯಂತ್ರವನ್ನು ಮನೆಗೆ ಒಯ್ಯಬಹುದು. ಉಳಿದುದನ್ನು ತಿಂಗಳು ತಿಂಗಳಿಗೆ ಬಾಡಿಗೆಯ ರೂಪದಲ್ಲಿ ತೀರಿಸಬೇಕು. ಕಡೆಯ ಕಂತು ಸಲ್ಲುವವರೆಗೆ ಒಡೆತನವು ಕಂಪನಿಯದೇ. ಯಂತ್ರವೇ ತನ್ನ ಸಾಲಕ್ಕೆ ಒತ್ತೆಯಾಯಿತು. ಅದರ ದುಡಿಮೆಯೇ ಕಂತಿಗೆ ಮೂಲವಾಯಿತು. ೧೮೫೫ರಲ್ಲಿ ೮೮೩ ಯಂತ್ರಗಳನ್ನು ಮಾರಿದ್ದ ಕಂಪನಿಯು ೧೮೫೬ರಲ್ಲಿ ೨,೫೬೪ ಯಂತ್ರಗಳನ್ನು ಮಾರಿತು. ೧೮೭೬ರಲ್ಲಿ ಆ ಸಂಖ್ಯೆ ೨,೬೨,೩೧೬ಕ್ಕೆ ಏರಿತು. ಸಿಂಗರನ ಹೆಸರೇ ಯಂತ್ರದ ಹೆಸರಾಗಿ ಗಾಂಧೀಜಿಯವರ ಕಿವಿಯವರೆಗೆ ಮುಟ್ಟಿದ ರಹಸ್ಯ ಇದೇ.

ಆದರೆ ಕೊಳ್ಳುವವನ ದೃಷ್ಟಿಯಿಂದ ನೋಡಿದಾಗ ಒಕ್ಕೂಟದ ಇನ್ನೊಂದು ಮುಖ ಕಾಣಿಸುತ್ತದೆ. ಶುಲ್ಕದ ಹೊರೆ ಬಿದ್ದುದು ಅವನ ಮೇಲೆಯೇ. ಬ್ಯಾಚೆಲ್ಡರನ ಹಕ್ಕು ಮತ್ತೆ ಮತ್ತೆ ವಿಸ್ತರಣೆ ಪಡೆದು ೧೮೭೭ರವರೆಗೆ ಜೀವಂತವಾಗಿತ್ತು. ಅಲ್ಲಿಯವರೆಗೆ ಒಕ್ಕೂಟವೂ ಬಾಳಿತು. ಆ ವರ್ಷ ಹಕ್ಕು ಮುಗಿದೊಡನೆ ಹೊಸ ತಯಾರಕರು ಕಣಕ್ಕಿಳಿದರು. ಬೆಲೆಯು ಬಹುಮಟ್ಟಿಗೆ ಅರ್ಧಕ್ಕೆ ಇಳಿಯಿತು.

ಒಕ್ಕೂಟವು ಶೋಧಕ್ಕೆ ನೆರವಾಯಿತೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ಕಾಯಿದೆಯ ಪಂಡಿತ ಆಡಮ್ ಮೊಸಾಫ್ ಅವರು, ಸರಕಾರದ ಕೈವಾಡವಿಲ್ಲದೆ ಹಕ್ಕುದಾರರೇ ತಮ್ಮ ತೊಡಕನ್ನು ಬಿಡಿಸಿಕೊಂಡರೆಂದು ಇದನ್ನು ಮೆಚ್ಚುತ್ತಾರೆ. ಅರ್ಥಶಾಸ್ತ್ರಜ್ಞರಾದ ರಯನ್ ಲ್ಯಾಂಪ್ ಮತ್ತು ಪೆಟ್ರಾ ಮೋಸರ್ ಅವರು ಅಂದಿನ ಹಕ್ಕುಪತ್ರಗಳನ್ನೂ ಯಂತ್ರಗಳ ವೇಗವನ್ನೂ ಪರಿಶೀಲಿಸಿ, ಒಕ್ಕೂಟವಿದ್ದ ಕಾಲದಲ್ಲಿ ಸುಧಾರಣೆಯ ಗತಿ ಕುಂಠಿತವಾಗಿ, ಅದು ಮುಗಿದ ಮೇಲೆಯೇ ಚೇತರಿಸಿತೆಂಬ ನಿರ್ಣಯಕ್ಕೆ ಬಂದಿದ್ದಾರೆ. ಹೊರಗಿನವರು ಒಕ್ಕೂಟದ ಹಕ್ಕುಗಳಿಂದ ತಪ್ಪಿಸಿಕೊಳ್ಳಲೆಂದು ಗಟ್ಟಿತನದಲ್ಲಿ ಕೆಳಗಿನದಾದ ಸರಪಣಿಹೊಲಿಗೆಯತ್ತ ಬುದ್ಧಿಯನ್ನು ವ್ಯಯಮಾಡಿದರೆಂಬುದೂ ಅವರ ವಾದ. ವರ್ಜಿನಿಯದ ರೈತ ಜೇಮ್ಸ್ ಗಿಬ್ಸನ ಉದಾಹರಣೆ ಎರಡು ಪಕ್ಷಗಳಿಗೂ ಒದಗುತ್ತದೆ. ೧೮೫೫ರಲ್ಲಿ ಪತ್ರಿಕೆಯೊಂದರಲ್ಲಿ ಯಂತ್ರದ ಚಿತ್ರವನ್ನು ನೋಡಿ, ಕಾಣದ ಕೆಳಭಾಗವನ್ನು ತಾನೇ ಊಹಿಸಿ, ಒಂದೇ ದಾರದಿಂದ ಹೊಲಿಯುವ ಸರಳವೂ ಅಗ್ಗವೂ ಆದ ಯಂತ್ರವನ್ನು ಅವನು ರಚಿಸಿದನು. ೧೮೫೭ರಲ್ಲಿ ಹಕ್ಕನ್ನು ಪಡೆದನು. ಆದರೆ ಅದನ್ನು ತಯಾರಿಸಿದ ವಿಲ್ಕಾಕ್ಸ್ ಮತ್ತು ಗಿಬ್ಸ್ ಕಂಪನಿಯೂ ಒಕ್ಕೂಟದ ಪರವಾನಗಿಯನ್ನು ಪಡೆಯಬೇಕಾಯಿತು.

೫

ಆಲ್ಬನಿಯ ಒಪ್ಪಂದ ನಡೆದ ೧೮೫೬ನೆಯ ವರ್ಷವೇ ಭಾರತದ ಮೊದಲ ಪೇಟೆಂಟ್ ಕಾಯಿದೆಯ ವರ್ಷವೂ ಹೌದು. ಶೋಧಕರಿಗೆ ೧೪ ವರ್ಷಗಳ ವಿಶೇಷಾಧಿಕಾರವನ್ನು ಕೊಟ್ಟ ಆ ಕಾಯಿದೆಯು ರಾಣಿಯ ಪೂರ್ವಾನುಮತಿಯಿಲ್ಲದೆ ಆಗಿತ್ತೆಂಬ ಕಾರಣದಿಂದ ಮರುವರ್ಷವೇ ರದ್ದಾಗಿ, ೧೮೫೯ರಲ್ಲಿ ಮತ್ತೆ ಬಂದಿತು. ಆದರೆ ಯಂತ್ರವು ಈ ದೇಶಕ್ಕೆ ಬಂದುದು ಶೋಧವಾಗಿ ಅಲ್ಲ, ಸರಕಾಗಿ. ಮುಂಬಯಿಯ ಪಾರ್ಸಿ ವ್ಯವಹಾರಸ್ಥರಾದ ನಸರ್ವಾನ್ಜಿ ಮೆರ್ವಾನ್ಜಿ ಪಟೇಲರು ಭಾರತ, ಬರ್ಮಾ, ಸಿಂಹಳಗಳಲ್ಲಿ ಸಿಂಗರ್ ಕಂಪನಿಯ ವ್ಯಾಪಾರವನ್ನು ದೀರ್ಘಕಾಲ ನಡೆಸಿದರು. ಕಂತಿನ ಪದ್ಧತಿಯೂ ಯಂತ್ರದ ಜೊತೆಯಲ್ಲಿಯೇ ಇಲ್ಲಿಗೆ ಬಂದಿತು. ಇಲ್ಲಿಯೇ ತಯಾರಿಕೆ ಬೇರೂರಿದುದು ಮೂಲಹಕ್ಕುಗಳೆಲ್ಲ ಮುಗಿದು ಅರ್ಧಶತಮಾನ ಕಳೆದ ಮೇಲೆ, ೧೯೩೦ರ ದಶಕದಲ್ಲಿ ಕಲ್ಕತ್ತೆಯ ಜಯ್ ಇಂಜಿನಿಯರಿಂಗ್ ವರ್ಕ್ಸ್ ‘ಉಷಾ’ ಯಂತ್ರವನ್ನು ಕೈಗೆತ್ತಿಕೊಂಡಾಗ.

ಸ್ವಾತಂತ್ರ್ಯಾನಂತರ ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರ್ ಅವರು ೧೯೫೯ರ ವರದಿಯಲ್ಲಿ, ಇಲ್ಲಿಯ ಹಕ್ಕುಪತ್ರಗಳಲ್ಲಿ ಬಹುಪಾಲು ಪರದೇಶೀಯರ ಕೈಯಲ್ಲಿದ್ದು, ಈ ದೇಶದ ತಯಾರಿಕೆಗೆ ಬಳಕೆಯೇ ಆಗುತ್ತಿಲ್ಲವೆಂದು ತೋರಿಸಿಕೊಟ್ಟರು. ತಡೆಯುವ ಹಕ್ಕು ಬೇರೆ, ನಿರ್ಮಿಸುವ ಶಕ್ತಿ ಬೇರೆ ಎಂಬ ಹಳೆಯ ಪಾಠವೇ ಅದರಲ್ಲಿದೆ. ೧೯೭೦ರ ಕಾಯಿದೆಯು ಆ ವರದಿಯ ಫಲ. ೨೦೧೧ರಿಂದ ೨೦೧೮ರವರೆಗೆ ಆಪಲ್ ಮತ್ತು ಸ್ಯಾಮ್‌ಸಂಗ್ ಕಂಪನಿಗಳು ಕೈದೂರವಾಣಿಗಳ ಬಗೆಗೆ ಹಲವು ದೇಶಗಳ ನ್ಯಾಯಾಲಯಗಳಲ್ಲಿ ಹೋರಾಡಿ ಕೊನೆಗೆ ರಾಜಿಯಾದುದನ್ನು ನೋಡಿದರೆ, ಹೌ ಮತ್ತು ಸಿಂಗರರ ಕಾಲ ಬಹು ದೂರದ್ದೆನಿಸುವುದಿಲ್ಲ.

ಸಂಸ್ಕೃತದಲ್ಲಿ ಮೊದಲ ಅರಿವಿಗೆ ‘ಉಪಜ್ಞಾ’ ಎಂದೂ, ಮೊದಲು ಕೈಗೊಂಡ ಕಾರ್ಯಕ್ಕೆ ‘ಉಪಕ್ರಮ’ ಎಂದೂ ಹೆಸರು. ಪಾಣಿನಿಯು ಒಂದೇ ಸೂತ್ರದಲ್ಲಿ ಎರಡನ್ನೂ ಜೊತೆಗಿರಿಸಿ ಹೇಳಿದ್ದಾನೆ. ಹೊಲಿಗೆಯ ಯಂತ್ರದ ಚರಿತ್ರೆಯಲ್ಲಿ ಹಂಟನದು ಉಪಜ್ಞೆ. ಸಿಂಗರ್ ಮತ್ತು ಕ್ಲಾರ್ಕರದು ಉಪಕ್ರಮ. ನಡುವೆ ಹೌ, ಬ್ಯಾಚೆಲ್ಡರ್, ವಿಲ್ಸನ್ನರ ಶ್ರಮ. ಶೋಧಕನಿಗೆ ಪ್ರತಿಫಲ ಸಲ್ಲಲೇಬೇಕು. ಹೌನ ಕಡುಬಡತನದ ವರ್ಷಗಳನ್ನು ನೆನೆದವರು ಅದನ್ನು ಅಲ್ಲಗಳೆಯಲಾರರು. ಆದರೆ ಹಲವರು ಸೇರಿ ಕಟ್ಟಿದುದಕ್ಕೆ ಒಬ್ಬನನ್ನೇ ಒಡೆಯನೆಂದು ಬಗೆದಾಗ ಕೆಲಸ ನಿಂತಿತು. ಒಡೆತನವನ್ನು ಹಂಚಿಕೊಂಡಾಗ ಅದು ಸಾಗಿತು. ಒಡೆತನದ ಅವಧಿ ಮುಗಿದಾಗ ಯಂತ್ರವು ಬಡವನಿಗೂ ಎಟುಕಿತು. ಹಕ್ಕಿಗೆ ಕೊನೆಯ ದಿನವೊಂದನ್ನು ಗೊತ್ತುಮಾಡಿದುದೇ ಆ ಕಾಯಿದೆಯ ಅತ್ಯಂತ ವಿವೇಕದ ಭಾಗವೆಂಬುದು ಈ ಚರಿತ್ರೆಯಿಂದ ತಿಳಿದುಬರುತ್ತದೆ.