ಟೆಂಡರ್: ಚಾಚಿದ ಕೈ ಯಾರದು?

ಸರ್ಕಾರ ಟೆಂಡರ್ ಕರೆಯುತ್ತದೆ. ಗುತ್ತಿಗೆದಾರರು ಟೆಂಡರ್ ಹಾಕುತ್ತಾರೆ. ಗೊತ್ತಾದ ದಿನ ಟೆಂಡರ್ ತೆರೆಯುತ್ತಾರೆ. ಒಬ್ಬರಿಗೆ ಟೆಂಡರ್ ಆಗುತ್ತದೆ, ಉಳಿದವರಿಗೆ ತಪ್ಪುತ್ತದೆ. ತಕರಾರು ಬಂದರೆ ಟೆಂಡರ್ ರದ್ದಾಗುತ್ತದೆ. ಇಷ್ಟೊಂದು ಕ್ರಿಯಾಪದಗಳೊಡನೆ ಸಲೀಸಾಗಿ ಬೆರೆತ ಪದವನ್ನು ಪರಭಾಷೆಯದೆನ್ನಲು ಮನಸ್ಸು ಬಾರದು. ಆದರೆ ಈ ಮಾತುಗಳೆಲ್ಲ ಒಂದೇ ವಸ್ತುವನ್ನು ಹೇಳುತ್ತಿಲ್ಲ. 'ಕರೆಯುವ' ಟೆಂಡರ್ ಸರ್ಕಾರದ ಪ್ರಕಟಣೆ, 'ಹಾಕುವ' ಟೆಂಡರ್ ಮಾರುವವರು ಬರೆದುಕೊಟ್ಟ ಬೆಲೆ, 'ಆಗುವ' ಟೆಂಡರ್ ಕೈಗೆ ಬಂದ ಕೆಲಸದ ಆದೇಶ. ಮೂರು ಬೇರೆ ಬೇರೆ ಕಾಗದಗಳಿಗೆ ಒಂದೇ ಹೆಸರು.

ಈ ಮೂರರಲ್ಲಿ ಮೊದಲನೆಯ ಅರ್ಥವೇ ಜನರ ಮನಸ್ಸಿನಲ್ಲಿ ಬಲವಾಗಿ ಕೂತಿದೆ. ಟೆಂಡರ್ ಸರ್ಕಾರದ ಸೊತ್ತು, ದೊಡ್ಡವರ ವ್ಯವಹಾರ, ನಮ್ಮಂಥವರು ಆ ಕಡೆ ತಲೆಹಾಕಬಾರದು ಎಂದು ಸಣ್ಣ ಕಾರ್ಖಾನೆಯವರು, ಹೊಲಿಗೆ ಘಟಕದವರು, ಪೀಠೋಪಕರಣ ಮಾಡುವವರು ದೂರ ಉಳಿಯುತ್ತಾರೆ. ಪದದ ಹುಟ್ಟು ಬೆಳವಣಿಗೆಯನ್ನು ಹಿಂಬಾಲಿಸಿದರೆ ತಿಳಿಯುವುದು ಇದಕ್ಕೆ ತದ್ವಿರುದ್ಧ. ಟೆಂಡರ್ ಮೂಲತಃ ಮಾರುವವರ ಸೊತ್ತು.

ಟೆಂಡರ್ ಬರುವ ಮುಂಚೆ ನಮ್ಮಲ್ಲಿದ್ದ ಪದ ಗುತ್ತಿಗೆ. ಇದು ಅಪ್ಪಟ ದ್ರಾವಿಡ ಪದ. ತಮಿಳಿನಲ್ಲಿ ಕುತ್ತಗೈ, ಮಲಯಾಳದಲ್ಲಿ ಕುತ್ತಕ, ತೆಲುಗಿನಲ್ಲಿ ಗುತ್ತ. ವಿಜಯನಗರ ಕಾಲದ ಶಾಸನಗಳಲ್ಲಿ 'ಗುತ್ತಗೆ' ಎಂಬ ರೂಪ ಕಾಣುತ್ತದೆ. ಮೊದಲೇ ಗೊತ್ತುಮಾಡಿದ ಮೊತ್ತಕ್ಕೆ ಭೂಮಿಯನ್ನೋ ಆದಾಯವನ್ನೋ ವಹಿಸಿಕೊಳ್ಳುವುದು ಎಂದು ಅದರರ್ಥ. ಅದಕ್ಕೆ ಪಾರಸಿಯ 'ದಾರ' ಸೇರಿ ಗುತ್ತಿಗೆದಾರ, ಗುತ್ತೇದಾರ ಆಯಿತು. ಕಲಬುರಗಿಯ ಕಡೆ ಗುತ್ತೇದಾರ ಎಂಬುದು ಮನೆತನದ ಹೆಸರೇ ಆಗಿ ನಿಂತಿದೆ. ಅರಬ್ಬಿ ಮೂಲದ ಇಜಾರೆಯೂ ಇದೇ ಕೆಲಸಕ್ಕೆ ಬಳಕೆಯಲ್ಲಿತ್ತು.

ಇಲ್ಲಿ ಗಮನಿಸಬೇಕಾದದ್ದು ಹಣ ಹರಿಯುತ್ತಿದ್ದ ದಿಕ್ಕು. ಹಳೆಯ ಗುತ್ತಿಗೆಯಲ್ಲಿ ಹಣ ಕೊಡುತ್ತಿದ್ದವನು ಗುತ್ತಿಗೆದಾರ, ಪಡೆಯುತ್ತಿದ್ದುದು ಅರಮನೆ. ಕಂದಾಯ ಎತ್ತುವ, ಸುಂಕ ವಸೂಲಿ ಮಾಡುವ ಹಕ್ಕನ್ನು ಪ್ರಭುತ್ವ ಮಾರುತ್ತಿತ್ತು, ಗುತ್ತಿಗೆದಾರ ಕೊಳ್ಳುತ್ತಿದ್ದ. ಕೊಟ್ಟ ಹಣವನ್ನು ಲಾಭಸಹಿತ ಜನರಿಂದ ಹಿಂಡುತ್ತಿದ್ದ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ನಡೆದ ಶರತ್ತು ಪದ್ಧತಿಯೂ ಇದೇ ಜಾತಿಯದು. ಇಂತಿಷ್ಟು ವಸೂಲಿ ಮಾಡಿಕೊಡುತ್ತೇನೆಂದು ಅಮಲ್ದಾರ ಬರೆದುಕೊಡಬೇಕು, ಕಡಿಮೆಬಿದ್ದರೆ ತಾನೇ ತುಂಬಬೇಕು. ತುಂಬಬೇಕಾದವನು ಹೊರೆಯನ್ನು ರೈತರ ಮೇಲೆ ಇಳಿಸಿದ. 1830-31ರ ನಗರ ದಂಗೆಗೆ ಇತಿಹಾಸಕಾರರು ಕೊಡುವ ಕಾರಣಗಳಲ್ಲಿ ಇದೂ ಒಂದು. ಆ ದಂಗೆಯ ಬೆನ್ನಿಗೇ, 1831ರಲ್ಲಿ, ಮೈಸೂರಿನ ಆಡಳಿತವನ್ನು ಬ್ರಿಟಿಷರು ಕೈಗೆ ತೆಗೆದುಕೊಂಡರು.

ಹರಾಜು, ಲಿಲಾವುಗಳದ್ದೂ ಅದೇ ದಿಕ್ಕು. ಹರಾಜು ಅರಬ್ಬಿಯಿಂದ ಬಂದದ್ದು. ಉತ್ತರ ಕರ್ನಾಟಕದ ಲಿಲಾವು ಪೋರ್ಚುಗೀಸರ 'ಲೈಲಾಂವ್', ಮರಾಠಿಯ ಮೂಲಕ ನಮಗೆ ದಾಟಿದ್ದು. ಎರಡರಲ್ಲೂ ಸರ್ಕಾರ ಮಾರುತ್ತದೆ, ಜನ ಕೂಗುತ್ತಾರೆ, ಹೆಚ್ಚು ಕೂಗಿದವರು ಗೆಲ್ಲುತ್ತಾರೆ.

ಹಾಗಾದರೆ ಪ್ರಭುತ್ವಕ್ಕೆ ತನಗೇ ಏನಾದರೂ ಬೇಕಾದಾಗ? ಅದಕ್ಕಿದ್ದ ಹಳೆಯ ಪದಗಳಲ್ಲಿ ಒಂದು ಬಿಟ್ಟಿ. ಸಂಸ್ಕೃತದ 'ವಿಷ್ಟಿ' ನಮ್ಮ ಶಾಸನಗಳಲ್ಲಿ ಬಿಟ್ಟಿಯಾಗಿ, ಜನ ಸಲ್ಲಿಸಲೇಬೇಕಾದ ಕೂಲಿಯಿಲ್ಲದ ದುಡಿಮೆಯಾಗಿ ಬರುತ್ತದೆ. ಇನ್ನೊಂದು ಸರಬರಾಜು. ವ್ಯವಸ್ಥೆ ನೋಡಿಕೊಳ್ಳುವವನು ಎಂಬರ್ಥದ ಪಾರಸಿಯ 'ಸರ್‌ಬರಾಹ್' ಇದರ ಮೂಲ, ಉಪಚಾರ ಎಂಬರ್ಥದ ಮರಾಠಿಯ 'ಸರಬರಾಈ' ಇದರ ಒಡಹುಟ್ಟು. ದಂಡು ಬಂದಾಗ, ಅಧಿಕಾರಿಯ ಸವಾರಿ ಬಂದಾಗ ಹುಲ್ಲು, ಸೌದೆ, ಹಾಲು, ಕೋಳಿ ಒದಗಿಸುವುದು ಊರಿನ ಪಾಲಿನ ಸರಬರಾಜು. ದುಡ್ಡು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಪ್ರಭುತ್ವ ಜನರಿಂದ ಪಡೆಯುತ್ತಿದ್ದುದರಲ್ಲಿ ಬಹುಪಾಲು ಹೇರಿಕೆಯೇ ಆಗಿತ್ತು, ಖರೀದಿಯಲ್ಲ.

ಟೆಂಡರ್ ತಂದ ಬದಲಾವಣೆ ಇಲ್ಲಿದೆ. ಲ್ಯಾಟಿನ್ನಿನ 'ತೆಂದೆರೆ' ಎಂದರೆ ಚಾಚು, ಹಿಗ್ಗಿಸು. ಅದು ಫ್ರೆಂಚಿನಲ್ಲಿ 'ತಾಂದ್ರ್' ಆಗಿ, ಮುಂದೆ ಚಾಚಿ ಕೊಡು, ಒಡ್ಡು ಎಂಬ ಅರ್ಥ ಪಡೆದು ಇಂಗ್ಲಿಷಿನ ಕಾನೂನಿಗೆ ಬಂತು. 16ನೆಯ ಶತಮಾನದಲ್ಲಿ ಅಲ್ಲಿ ಟೆಂಡರ್ ಎಂದರೆ ಸಾಲ ತೀರಿಸಲು ಹಣವನ್ನು ವಿಧಿವತ್ತಾಗಿ ಎದುರಿಗಿಡುವುದು. ಕಾನೂನು ಒಪ್ಪಿದ ನಾಣ್ಯವನ್ನು ಇಂದಿಗೂ 'ಲೀಗಲ್ ಟೆಂಡರ್' ಎನ್ನುವುದು ಈ ಅರ್ಥದಲ್ಲೇ. ಮುಂದಿನ ಶತಮಾನದಲ್ಲಿ ಅದು 'ಈ ಕೆಲಸವನ್ನು ಇಷ್ಟು ಬೆಲೆಗೆ ಮಾಡಿಕೊಡುತ್ತೇನೆ' ಎಂಬ ಬರಹದ ಹೆಸರೂ ಆಯಿತು. ಎಳನೀರಿನ 'ಟೆಂಡರ್' ಬೇರೆ ಪದ, ಅದು ಮೃದು ಎಂಬರ್ಥದ ಲ್ಯಾಟಿನ್ 'ತೆನೆರ್'ನಿಂದ ಬಂದದ್ದು. ಉಗಿಬಂಡಿಯ ಎಂಜಿನ್ನಿಗೆ ಅಂಟಿಕೊಂಡಿದ್ದ ಕಲ್ಲಿದ್ದಲ ಟೆಂಡರ್ ಮಾತ್ರ ದೂರದಿಂದ ಇದೇ ಬೇರಿನದು.

'ತೆಂದೆರೆ'ಯ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. ಭಾಷಾವಿಜ್ಞಾನಿಗಳು ಪುನಾರಚಿಸಿರುವ ಇಂಡೋ-ಯುರೋಪಿಯನ್ 'ತೆನ್' ಧಾತುವೇ ಸಂಸ್ಕೃತದ 'ತನ್'. ಅದರಿಂದ ತಂತು, ತಂತಿ, ತಾನ, ವಿತಾನ, ಸಂತಾನ. ನೂಲಿನಂತೆ ಎಳೆದದ್ದು, ಚಪ್ಪರದಂತೆ ಹರಡಿದ್ದು, ವಂಶದಂತೆ ಮುಂದುವರಿದದ್ದು. ಅನ್ಯವೆಂದು ತೋರುವ ಟೆಂಡರಿಗೆ ವೀಣೆಯ ತಂತಿ ದೂರದ ದಾಯಾದಿ.

ಚಾಚಿದ್ದು ಯಾರ ಕೈ ಎಂಬುದನ್ನು ಕಾನೂನು ಸ್ಪಷ್ಟವಾಗಿ ಹೇಳುತ್ತದೆ. 1872ರ ಭಾರತೀಯ ಕರಾರು ಅಧಿನಿಯಮದ ಲೆಕ್ಕದಲ್ಲಿ ಸರ್ಕಾರದ ಟೆಂಡರ್ ಪ್ರಕಟಣೆ ಬರೀ ಆಹ್ವಾನ. ಮಾರುವವರು ಬರೆದುಕೊಡುವ ಬೆಲೆಯೇ ಪ್ರಸ್ತಾವ. ಅದನ್ನು ಸರ್ಕಾರ ಒಪ್ಪಿದಾಗ ಕರಾರು ಹುಟ್ಟುತ್ತದೆ. ಒಪ್ಪಿಗೆ ಹೊರಡುವವರೆಗೆ ಪ್ರಸ್ತಾವವನ್ನು ಹಿಂತೆಗೆದುಕೊಳ್ಳಬಹುದು, ಆದರೆ ಟೆಂಡರಿನ ಷರತ್ತಿನಂತೆ ಠೇವಣಿ ಹೋಗಬಹುದು. ಕರ್ನಾಟಕದ 1999ರ ಪಾರದರ್ಶಕತೆ ಅಧಿನಿಯಮವೂ ಟೆಂಡರ್ ಎಂದರೆ ಆಹ್ವಾನಕ್ಕೆ ಉತ್ತರವಾಗಿ ಸಲ್ಲಿಸಿದ ವಿಧ್ಯುಕ್ತ ಕೊಡುಗೆ ಎಂದೇ ವ್ಯಾಖ್ಯಾನಿಸಿದೆ. ಅದರಲ್ಲಿ ಸರ್ಕಾರದ ಕಡೆಯವರಿಗೆ ಇರುವ ಹೆಸರುಗಳು ಟೆಂಡರ್ ಆಹ್ವಾನಿಸುವ ಪ್ರಾಧಿಕಾರ ಮತ್ತು ಟೆಂಡರ್ ಅಂಗೀಕರಿಸುವ ಪ್ರಾಧಿಕಾರ. ಒಬ್ಬರು ಕರೆಯುವವರು, ಇನ್ನೊಬ್ಬರು ಒಪ್ಪುವವರು. ಕೊಡುವವರು ಮಾತ್ರ ಹೊರಗಿನವರು.

ಆದರೂ ಈ ಕೈ ಚಾಚುವ ಅವಕಾಶ ಇಲ್ಲಿನ ಸಣ್ಣವರಿಗೆ ಬಹುಕಾಲ ಇರಲಿಲ್ಲ. ವಸಾಹತು ಸರ್ಕಾರಕ್ಕೆ ಬೇಕಾದ ಸಾಮಾನಿನ ದೊಡ್ಡ ಪಾಲು ಲಂಡನ್ನಿನ ಮೂಲಕ, ಪೌಂಡಿನ ಲೆಕ್ಕದಲ್ಲಿ ಬರುತ್ತಿತ್ತು. 1922ರಲ್ಲಿ ಇಂಡಿಯನ್ ಸ್ಟೋರ್ಸ್ ಡಿಪಾರ್ಟ್‌ಮೆಂಟ್ ಹುಟ್ಟಿತು. 1930ರ ದಶಕದ ಆರಂಭಕ್ಕೆ 'ರೂಪಾಯಿ ಟೆಂಡರ್' ಪದ್ಧತಿ ನೆಲೆಗೊಂಡಿತು, ಅಂದರೆ ಬೆಲೆಯನ್ನು ಭಾರತದಲ್ಲಿ, ರೂಪಾಯಿಯಲ್ಲಿ ಹೇಳುವುದು. ಆ ಎರಡು ಪದಗಳ ಜೋಡಿಗೆ ಸ್ವದೇಶಿ ಉದ್ಯಮ ವರ್ಷಗಟ್ಟಲೆ ಒತ್ತಾಯ ಮಾಡಬೇಕಾಯಿತು. ಸ್ವಾತಂತ್ರ್ಯದ ನಂತರ 1955ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಣ್ಣ ಕೈಗಾರಿಕಾ ನಿಗಮ ಸರ್ಕಾರಿ ಖರೀದಿಗೆ ಸಣ್ಣ ಘಟಕಗಳನ್ನು ನೋಂದಾಯಿಸುವ ಕೆಲಸವನ್ನು ಇಂದಿಗೂ ಮಾಡುತ್ತಿದೆ.

ಇಂದು ಕೇಂದ್ರ ಸರ್ಕಾರಕ್ಕೆ ಮಾರಬೇಕೆನ್ನುವವರಿಗೆ ಮೊದಲ ಮೆಟ್ಟಿಲು ಉದ್ಯಮ್ ನೋಂದಣಿ. 2020ರ ಜುಲೈ 1ರಿಂದ ಜಾರಿಯಲ್ಲಿದೆ, ಆಧಾರ್ ಆಧರಿಸಿ ನಡೆಯುತ್ತದೆ, ಶುಲ್ಕವಿಲ್ಲ. 2025ರ ಏಪ್ರಿಲ್ 1ರಿಂದ ಯಂತ್ರೋಪಕರಣದ ಹೂಡಿಕೆ 2.5 ಕೋಟಿ, ವಹಿವಾಟು 10 ಕೋಟಿ ರೂಪಾಯಿ ಮೀರದಿದ್ದರೆ ಸೂಕ್ಷ್ಮ ಉದ್ಯಮ. ಹೂಡಿಕೆ 25 ಕೋಟಿ, ವಹಿವಾಟು 100 ಕೋಟಿ ಮೀರದಿದ್ದರೆ ಸಣ್ಣ ಉದ್ಯಮ. ಎರಡನೆಯ ಮೆಟ್ಟಿಲು 2016ರ ಆಗಸ್ಟ್‌ನಲ್ಲಿ ಶುರುವಾದ ಸರ್ಕಾರಿ ಇ-ಮಾರುಕಟ್ಟೆ, ಎಲ್ಲರ ಬಾಯಲ್ಲಿ 'ಜೆಮ್'. ಅಲ್ಲಿ ಸಿಗುವ ಸಾಮಾನು, ಸೇವೆಗಳನ್ನು ಕೇಂದ್ರದ ಸಚಿವಾಲಯಗಳು ಅಲ್ಲಿಯೇ ಕೊಳ್ಳಬೇಕೆಂದು 2017ರ ಸಾಮಾನ್ಯ ಹಣಕಾಸು ನಿಯಮಗಳ 149ನೆಯ ನಿಯಮ ಹೇಳುತ್ತದೆ. ಸಣ್ಣ ಮೊತ್ತವಾದರೆ ನೇರ ಖರೀದಿ, ಅದಕ್ಕೂ ಮೇಲೆ ಬೆಲೆಗಳ ಹೋಲಿಕೆ, ಇನ್ನೂ ದೊಡ್ಡದಾದರೆ ಬಿಡ್ ಅಥವಾ 'ರಿವರ್ಸ್ ಆಕ್ಷನ್'. ಹರಾಜಿನ ದಿಕ್ಕು ಇಲ್ಲಿ ಪೂರ್ತಿ ತಿರುಗಿದೆ. ಸರ್ಕಾರ ಕೊಳ್ಳುತ್ತದೆ, ಮಾರುವವರು ಬೆಲೆ ಇಳಿಸುತ್ತ ಹೋಗುತ್ತಾರೆ.

ಮೂರನೆಯದು, ಅನೇಕರಿಗೆ ಗೊತ್ತೇ ಇಲ್ಲದ ಹಕ್ಕುಗಳು. 2012ರ ಸಾರ್ವಜನಿಕ ಖರೀದಿ ನೀತಿ ಆದೇಶದ ಪ್ರಕಾರ ಕೇಂದ್ರದ ಸಚಿವಾಲಯಗಳು, ಇಲಾಖೆಗಳು, ಸಾರ್ವಜನಿಕ ಉದ್ಯಮಗಳು ತಮ್ಮ ವಾರ್ಷಿಕ ಖರೀದಿಯಲ್ಲಿ ಕನಿಷ್ಠ ಶೇ 25 ಪಾಲನ್ನು ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಂದ ಪಡೆಯಬೇಕು. ಮೊದಲು ಶೇ 20 ಇದ್ದದ್ದು 2018ರಲ್ಲಿ ಏರಿತು. ಅದರೊಳಗೆ ಪರಿಶಿಷ್ಟ ಜಾತಿ, ಪಂಗಡದವರ ಉದ್ಯಮಗಳಿಗೆ ಶೇ 4, ಮಹಿಳೆಯರ ಉದ್ಯಮಗಳಿಗೆ ಶೇ 3. 358 ವಸ್ತುಗಳನ್ನು ಸೂಕ್ಷ್ಮ, ಸಣ್ಣ ಉದ್ಯಮಗಳಿಂದಲೇ ಕೊಳ್ಳಬೇಕು. ದೊಡ್ಡ ಕಂಪನಿಯೊಂದು 100 ರೂಪಾಯಿಯ ಕನಿಷ್ಠ ಬೆಲೆ ಹೇಳಿ, ನೀವು 115ರೊಳಗೆ ಹೇಳಿದ್ದರೆ, ಅದೇ 100ಕ್ಕೆ ಒದಗಿಸಲು ಒಪ್ಪಿ ಖರೀದಿಯ ಕಾಲುಭಾಗದವರೆಗೆ ಪಡೆಯುವ ಅವಕಾಶ ನಿಮಗಿದೆ. ಈ ಸೌಲಭ್ಯ ತಯಾರಕರಿಗೆ ಮತ್ತು ಸೇವೆ ಒದಗಿಸುವವರಿಗೆ, ಕೊಂಡು ಮಾರುವ ವ್ಯಾಪಾರಿಗಳಿಗಲ್ಲ.

ಟೆಂಡರ್ ಪತ್ರಗಳು ಸೂಕ್ಷ್ಮ, ಸಣ್ಣ ಉದ್ಯಮಗಳಿಗೆ ಉಚಿತ, ಮುಂಗಡ ಠೇವಣಿಯಾದ ಇಎಂಡಿಯೂ ಮಾಫಿ. ಈ ಠೇವಣಿಗೆ ಹತ್ತಿರದ ಹಳಗಾಲದ ಕನ್ನಡ ಪದ ಸಂಚಕಾರ. ಸಂಸ್ಕೃತದ 'ಸತ್ಯಂಕಾರ'ದಿಂದ ಬಂದ ಈ ಪದಕ್ಕೆ ವ್ಯವಹಾರ ಖಾತ್ರಿಯಾಗಲೆಂದು ಕೊಳ್ಳುವವರು ಕೊಡುವ ಮುಂಗಡ ಎಂಬುದು ಮೂಲಾರ್ಥ. ಇಂದು ನಾವು ಅಪಾಯ ಎಂಬರ್ಥದಲ್ಲಿ ಮಾತ್ರ 'ಸಂಚಕಾರ ಬಂತು' ಎನ್ನುತ್ತೇವೆ. ಹಿಂದೆ ಕೊಳ್ಳುವವರು ಮಾರುವವರಿಗೆ ಕೊಡುತ್ತಿದ್ದ ಖಾತ್ರಿ ಸರ್ಕಾರಿ ಖರೀದಿಯಲ್ಲಿ ತಿರುಗಿ ಮಾರುವವರ ಮೇಲೆಯೇ ಬಿತ್ತು. ದುಡಿಯುವ ಬಂಡವಾಳವನ್ನೇ ಠೇವಣಿಯಾಗಿ ಕಟ್ಟಬೇಕಾದ ಸಣ್ಣ ಘಟಕಕ್ಕೆ ಅದು ಎರಡೂ ಅರ್ಥದಲ್ಲಿ ಸಂಚಕಾರವೇ. ಆ ಹೊರೆ ಇಳಿದದ್ದು ದೊಡ್ಡ ಸಂಗತಿ. ಕೆಲಸ ಸಿಕ್ಕ ಮೇಲೆ ಕಟ್ಟಬೇಕಾದ ಭದ್ರತಾ ಠೇವಣಿಗೆ ಮಾತ್ರ ಈ ವಿನಾಯಿತಿ ಅನ್ವಯಿಸದು, ಲೆಕ್ಕ ಹಾಕುವಾಗ ಅದನ್ನು ಮರೆಯಬಾರದು.

ಸರ್ಕಾರಿ ಖರೀದಿಯ ಬೆಲೆ ಬೆಂಗಳೂರಿಗೆ ಚೆನ್ನಾಗಿ ಗೊತ್ತಿದೆ. 1940ರಲ್ಲಿ ಎಚ್‌ಎಎಲ್, 1954ರಲ್ಲಿ ಬಿಇಎಲ್, 1964ರಲ್ಲಿ ಬಿಇಎಂಎಲ್ ಬಂದಂತೆ ಅವುಗಳಿಗೆ ಬಿಡಿಭಾಗ ಮಾಡಿಕೊಡುವ ಲೇತ್ ಅಂಗಡಿಗಳು, ಅಚ್ಚುಗಾರರು, ಲೇಪನದ ಘಟಕಗಳು ಬೆಳೆದವು. ಪೀಣ್ಯದಂಥ ಪ್ರದೇಶಗಳ ಕುಶಲತೆಯಲ್ಲಿ ಸಾರ್ವಜನಿಕ ಉದ್ಯಮಗಳ ಖರೀದಿಯ ಪಾಲು ದೊಡ್ಡದು. ಅಲ್ಲಿ ಮಾತಿನಲ್ಲಿ ಓಡಾಡುವ ಡ್ರಾಯಿಂಗು, ಟಾಲರೆನ್ಸು, ಇನ್‌ಸ್ಪೆಕ್ಷನ್ನು, ರಿಜೆಕ್ಷನ್ನು ಎಂಬ ಪದಗಳೆಲ್ಲ ಟೆಂಡರಿನ ಜೊತೆಗೇ ಬಂದವು. ಒಪ್ಪಿದ ಅಳತೆಗೆ, ಒಪ್ಪಿದ ದಿನಕ್ಕೆ ಒದಗಿಸುವ ಶಿಸ್ತನ್ನು ಕಲಿಸಿದವು.

ಹೀಗೆ ಶಿಸ್ತಾಗಿ ಒದಗಿಸಿದ್ದಕ್ಕೆ ಹಣ ಬಾರದೆ ಹೋದರೆ ಟೆಂಡರ್ ಮತ್ತೆ ಬಿಟ್ಟಿಯ ಕಾಲಕ್ಕೆ ಜಾರುತ್ತದೆ. ಬಿಲ್ಲು ತಿಂಗಳುಗಟ್ಟಲೆ ಕಡತದಲ್ಲಿ ಕೂತರೆ ಸಣ್ಣ ಘಟಕ ಬಡ್ಡಿ ಕಟ್ಟಿ ಸರ್ಕಾರಕ್ಕೆ ಸಾಲ ಕೊಟ್ಟಂತೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ (ಎಂಎಸ್‌ಎಂಇ) ಅಭಿವೃದ್ಧಿ ಅಧಿನಿಯಮ ಇದಕ್ಕೇ ಗಡುವು ಹಾಕಿದೆ. ಲಿಖಿತ ಒಪ್ಪಂದವಿದ್ದರೂ ಸಾಮಾನು ಒಪ್ಪಿದ ಮೇಲೆ 45 ದಿನ ಮೀರುವಂತಿಲ್ಲ, ಒಪ್ಪಂದವಿಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರುಪಟ್ಟು ಚಕ್ರಬಡ್ಡಿ, ತಿಂಗಳು ತಿಂಗಳಿಗೆ. ದೂರು ಕೊಡಲು 2017ರಲ್ಲಿ ಸಮಾಧಾನ್ ಪೋರ್ಟಲ್ ಬಂತು, ತೀರ್ಮಾನಕ್ಕೆ ಸೌಲಭ್ಯ ಮಂಡಳಿಗಳಿವೆ. ಮುಂದಿನ ಆರ್ಡರು ಕೈತಪ್ಪೀತೆಂಬ ಅಂಜಿಕೆಯಿಂದ ಬಡ್ಡಿ ಕೇಳದವರಿದ್ದಾರೆ. ಆ ಬಡ್ಡಿ ಕಾನೂನು ಕೊಟ್ಟ ಹಕ್ಕು. ಅದನ್ನು ಕೇಳುವುದು ಜಗಳವಾಗದು.

ಇಷ್ಟಾದ ಮೇಲೂ ಒಂದು ಕೆಲಸ ಬಾಕಿಯಿದೆ. ಟೆಂಡರ್ ಎಂಬ ಪದ ಕನ್ನಡದ ಮನೆಯೊಳಗೆ ಬಂದು ತಲೆಮಾರುಗಳು ಕಳೆದವು, ಟೆಂಡರ್ ಪತ್ರ ಇನ್ನೂ ಬಾಗಿಲ ಹೊರಗಿದೆ. ಕೇಂದ್ರದ ಟೆಂಡರ್ ದಾಖಲೆಗಳಲ್ಲಿ ಬಹುಪಾಲು ಇಂಗ್ಲಿಷ್, ಹಿಂದಿಯಲ್ಲಿವೆ. ನೂರು ಪುಟಗಳ ಷರತ್ತುಗಳಲ್ಲಿ ಯಾವ ಸಾಲು ತಪ್ಪಿದರೆ ತಿರಸ್ಕಾರ, ಯಾವ ವಿನಾಯಿತಿ ತನಗೆ ಸಲ್ಲುತ್ತದೆ ಎಂಬುದನ್ನು ಶಿಗ್ಗಾವಿಯ ಹೊಲಿಗೆ ಘಟಕದವರು ಮಧ್ಯವರ್ತಿಯನ್ನೇ ಕೇಳಬೇಕಾಗಿದೆ. ಕರ್ನಾಟಕದಲ್ಲಿ ಸರಬರಾಜಾಗಬೇಕಾದ ಪ್ರತಿ ಖರೀದಿಗೂ ಕನ್ನಡದಲ್ಲಿ ಎರಡು ಪುಟದ ಸಾರಾಂಶ ಕಡ್ಡಾಯವಾಗಬೇಕು. ಏನು ಬೇಕು, ಎಷ್ಟು ಬೇಕು, ಯಾವ ದಿನದೊಳಗೆ, ಯಾರಿಗೆ ಯಾವ ವಿನಾಯಿತಿ, ಹಣ ಯಾವಾಗ. ಕೈಗಾರಿಕಾ ಸಂಘಗಳು, ಜಿಲ್ಲಾ ಕೈಗಾರಿಕಾ ಕೇಂದ್ರಗಳು, ನಮ್ಮ ಸಂಸದರು ಈ ಬೇಡಿಕೆಯನ್ನು ಕೈಗೆತ್ತಿಕೊಳ್ಳಬೇಕು. ಟೆಂಡರ್ ಮಾರುವವರ ಮಾತು ಎಂದ ಮೇಲೆ, ಅದನ್ನು ತಮ್ಮ ನುಡಿಯಲ್ಲಿ ಅರ್ಥಮಾಡಿಕೊಂಡು ಆಡುವ ಅಧಿಕಾರವೂ ಅವರಿಗಿರಬೇಕು.